ಸರ್ಫ್‌ಸ್ಕೇಟ್ ಕೊಳ್ಳುವಾಗ ಮೊದಲು ಟ್ರಕ್ ನೋಡಿ, ಡೆಕ್ ಆಮೇಲೆ

ಪ್ರಶ್ನೆ: ನನಗೆ 29 ವರ್ಷ. ಎತ್ತರ 5 ಅಡಿ 8 ಇಂಚು, ತೂಕ 70 ಕೆ.ಜಿ. ಬೆಂಗಳೂರಿನಲ್ಲಿ ಕೆಲಸ. ಬಿಡುವಾದಾಗ ಮೂಲ್ಕಿಗೆ ಹೋಗಿ ಸರ್ಫಿಂಗ್ ಕಲಿಯುತ್ತಿದ್ದೇನೆ. ಒಡೆಯದ ಅಲೆ ಹಿಡಿದು ನೇರ ಹೋಗಬಲ್ಲೆ, ಬೋರ್ಡ್ ತಿರುಗಿಸಲು ಬರುವುದಿಲ್ಲ. ಸರ್ಫ್‌ಸ್ಕೇಟ್ (ನೆಲದ ಮೇಲೆ ಸರ್ಫ್‌ಬೋರ್ಡ್ ಹಾಗೆ ತಿರುಗುವ ಸ್ಕೇಟ್‌ಬೋರ್ಡ್) ತಗೊಂಡು ಅಭ್ಯಾಸ ಮಾಡಿ ಅಂತ ಕೋಚ್ ಹೇಳಿದರು. ಸಂಜೆ ನಮ್ಮ ಬಡಾವಣೆಯಲ್ಲಿ ಸುಮ್ನೆ ಒಂದು ಸುತ್ತು ಹೊಡೆಯಲೂ ಅದೇ ಬೋರ್ಡ್ ಆಗಬೇಕು. ಯಾವುದು ಕೊಳ್ಳಲಿ?

ನಿಮ್ಮ ಕೋಚ್ ಸರಿಯಾಗಿಯೇ ಹೇಳಿದ್ದಾರೆ. ನೇರ ಹೋಗಲು ಬರುತ್ತದೆ, ತಿರುವು ಬರುವುದಿಲ್ಲ ಅನ್ನುವ ಹಂತದಲ್ಲೇ ಸರ್ಫ್‌ಸ್ಕೇಟ್ ಜಾಸ್ತಿ ಕೆಲಸಕ್ಕೆ ಬರುವುದು. ನೀರಿನಲ್ಲಿ ಒಂದು ಅಲೆಯ ಮೇಲೆ ನಾವು ನಿಂತಿರುವುದು ಕೆಲವೇ ಸೆಕೆಂಡು. ಬೆಳಗ್ಗೆಯೆಲ್ಲ ಕೈ ಸೋಲುವ ತನಕ ಪ್ಯಾಡಲ್ ಮಾಡಿದರೂ ತಿರುವು ಹಾಕುವ ಅವಕಾಶ ಬೆರಳೆಣಿಕೆಯಷ್ಟು. ನೆಲದ ಮೇಲೆ ಅಷ್ಟು ತಿರುವು ಹತ್ತು ನಿಮಿಷದಲ್ಲಿ ಆಗಿಬಿಡುತ್ತದೆ. ಅದರಲ್ಲೂ ಜೂನ್‌ನಿಂದ ಆಗಸ್ಟ್ ತನಕ ನಮ್ಮ ಕರಾವಳಿಯ ಕಡಲು ಕಲಿಯುವವರಿಗೆ ತಕ್ಕದ್ದಲ್ಲ. ಆ ಮೂರು ತಿಂಗಳು ಮೈಗೆ ತಿರುವಿನ ನೆನಪು ಉಳಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪ್ಯಾಡಲ್ ಮಾಡುವುದು, ಅಲೆ ಓದುವುದು, ಮಲಗಿದಲ್ಲಿಂದ ಚಂಗನೆ ಎದ್ದು ನಿಲ್ಲುವುದು, ಇದ್ಯಾವುದನ್ನೂ ಸರ್ಫ್‌ಸ್ಕೇಟ್ ಕಲಿಸುವುದಿಲ್ಲ. ಸರ್ಫಿಂಗ್‌ನಲ್ಲಿ ಹೆಚ್ಚಿನ ಪಾಲು ಅದೇ. ಇದು ಕಲಿಸುವುದು ನಿಂತ ಮೇಲಿನ ಕೆಲಸವನ್ನು ಮಾತ್ರ. ಅಷ್ಟು ತಿಳಿದುಕೊಂಡು ತಗೊಂಡರೆ ನಿರಾಸೆ ಆಗುವುದಿಲ್ಲ.

ಈಗ ಬೋರ್ಡ್ ವಿಷಯ. ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಡೆಕ್ (ನಾವು ನಿಲ್ಲುವ ಹಲಗೆ), ಅದರ ಮೇಲಿನ ಬಣ್ಣ, ಚಿತ್ರ. ಸರ್ಫ್‌ಸ್ಕೇಟ್‌ನ ಜೀವ ಇರುವುದು ಅಲ್ಲಲ್ಲ. ಬೋರ್ಡನ್ನು ಮಗುಚಿ ಮುಂದಿನ ಟ್ರಕ್ (ಚಕ್ರಗಳನ್ನು ಡೆಕ್‌ಗೆ ಜೋಡಿಸುವ ಲೋಹದ ಭಾಗ) ನೋಡಿ. 1990ರ ದಶಕದ ಮಧ್ಯದಲ್ಲಿ ಕ್ಯಾಲಿಫೋರ್ನಿಯಾದ ವೆನಿಸ್‌ನಲ್ಲಿ ಗ್ರೆಗ್ ಫಾಕ್, ನೀಲ್ ಕಾರ್ವರ್ ಎಂಬ ಇಬ್ಬರು ಸರ್ಫರ್‌ಗಳು ತಲೆ ಕೆಡಿಸಿಕೊಂಡದ್ದೂ ಈ ಟ್ರಕ್ಕಿನ ಮೇಲೇ. ಅಲೆ ಏಳದ ದಿನ ರಸ್ತೆಯಲ್ಲೇ ಸರ್ಫ್ ಮಾಡಿದ ಹಾಗೆ ಆಗಬೇಕು ಅನ್ನುವುದು ಅವರ ಆಸೆ. ಕಾರ್ವರ್ ಕಂಪನಿ ಹುಟ್ಟಿದ್ದು ಹಾಗೆ. ಹಿಂದಿನ ಟ್ರಕ್ ಹೆಚ್ಚು ಕಡಿಮೆ ಮಾಮೂಲಿ, ಜಾಸ್ತಿ ತಿರುಗುವುದಿಲ್ಲ. ಮುಂದಿನದು ಮಾತ್ರ ಧಾರಾಳವಾಗಿ ತಿರುಗುತ್ತದೆ. ಹಾಗಾಗಿ ಬೋರ್ಡ್ ನಿಮ್ಮ ಹಿಂದಿನ ಕಾಲಿನ ಸುತ್ತ ತಿರುಗುತ್ತದೆ. ನೀರಿನಲ್ಲಿ ಸರ್ಫ್‌ಬೋರ್ಡ್ ಹಿಂಭಾಗದ ಅಡಿಯಲ್ಲಿರುವ ಫಿನ್‌ಗಳ (ಪುಟ್ಟ ರೆಕ್ಕೆಗಳ) ಮೇಲೆ ತಿರುಗುವುದೂ ಹೀಗೇ ಅಲ್ವಾ?

ಈ ಮುಂದಿನ ಟ್ರಕ್‌ನಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಸ್ಪ್ರಿಂಗ್ ಇರುವುದು. ಟ್ರಕ್ ಒಂದು ತೋಳಿನ ಮೇಲೆ ಕೂತಿರುತ್ತದೆ, ಆ ತೋಳು ಎಡಕ್ಕೂ ಬಲಕ್ಕೂ ವಾಲುತ್ತದೆ, ಸ್ಪ್ರಿಂಗ್ ಅದನ್ನು ನಡುವಿಗೆ ಎಳೆದು ತರುತ್ತದೆ. ಕಾರ್ವರ್‌ನ ಸಿ7, ಸ್ಪೇನ್‌ನ ಬಾಸ್ಕ್ ನಾಡಿನ ಯಾವ್ (YOW) ಕಂಪನಿಯ ಬೋರ್ಡ್‌ಗಳು, ಆಸ್ಟ್ರೇಲಿಯಾದ ಸ್ಮೂತ್‌ಸ್ಟಾರ್ ಈ ಗುಂಪಿಗೆ ಸೇರಿದವು. ತಿರುವು ಆಳ, ನೀರಿಗೆ ಹತ್ತಿರ. ಆದರೆ ತೂಕ ಜಾಸ್ತಿ, ಎತ್ತರ ಜಾಸ್ತಿ. ಒಂದು ಕಾಲಿನಿಂದ ನೆಲ ಒದ್ದು ಸಾಗಲು ಹೋದರೆ ಬೋರ್ಡಿನ ಮೂಗು ಅತ್ತಿತ್ತ ಓಡುತ್ತದೆ.

ಎರಡನೆಯದರಲ್ಲಿ ತೋಳೂ ಇಲ್ಲ, ಸ್ಪ್ರಿಂಗೂ ಇಲ್ಲ. ಮಾಮೂಲಿ ಟ್ರಕ್ ಹಾಗೆ ಬುಶಿಂಗ್ (ಟ್ರಕ್ಕಿನೊಳಗಿನ ರಬ್ಬರಿನಂಥ ಬಳೆ) ಮೇಲೇ ಕೆಲಸ ಮಾಡುತ್ತದೆ. ಕೋನ ಮಾತ್ರ ಬೇರೆ, ಆದ್ದರಿಂದ ಚೆನ್ನಾಗಿ ತಿರುಗುತ್ತದೆ. ಕಾರ್ವರ್‌ನ ಸಿಎಕ್ಸ್ ಈ ಬಗೆಯದು. ಸಿ7ಗಿಂತ ಹಗುರ, ನೆಲಕ್ಕೂ ಹತ್ತಿರ. ನೇರ ಹೋಗುವಾಗ ಗಟ್ಟಿಯಾಗಿ ನಿಲ್ಲುತ್ತದೆ.

ತರಬೇತಿಯೊಂದೇ ಗುರಿ ಅಂದಿದ್ದರೆ ಸ್ಪ್ರಿಂಗ್ ಟ್ರಕ್ ತಗೊಳ್ಳಿ ಅನ್ನುತ್ತಿದ್ದೆ. ನಿಮಗೆ ಸಂಜೆಯ ಸುತ್ತಾಟವೂ ಬೇಕು. ಈ ಎರಡು ಆಸೆ ಒಂದಕ್ಕೊಂದು ಎದುರು. ಚೆನ್ನಾಗಿ ತಿರುಗುವ ಬೋರ್ಡ್ ನೇರ ಹೋಗಲು ಒಪ್ಪುವುದಿಲ್ಲ, ನೇರ ಹೋಗುವುದು ತಿರುಗಲು ಒಪ್ಪುವುದಿಲ್ಲ. ನಡುವಿನ ದಾರಿ ಸಿಎಕ್ಸ್ ಬಗೆಯ ಟ್ರಕ್. ನಿಮಗೆ ನನ್ನ ಸಲಹೆ ಅದೇ. ಓಡಾಟಕ್ಕೆ ಹೋಗುವ ದಿನ ಮುಂದಿನ ಟ್ರಕ್ಕಿನ ಬುಶಿಂಗ್ ಒತ್ತುವ ನಟ್ಟನ್ನು ಕಾಲು ಸುತ್ತು ಬಿಗಿ ಮಾಡಿ, ಅಭ್ಯಾಸದ ದಿನ ಸಡಿಲ ಮಾಡಿ. ಜೇಬಿನಲ್ಲಿ ಸಣ್ಣ ಸ್ಪ್ಯಾನರ್ ಇದ್ದರೆ ಸಾಕು.

ಟ್ರಕ್ ಆದ ಮೇಲೆ ನೋಡಬೇಕಾದ್ದು ವೀಲ್‌ಬೇಸ್, ಅಂದರೆ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ. ಬೋರ್ಡ್‌ನ ಒಟ್ಟು ಉದ್ದಕ್ಕಿಂತ ಇದೇ ಮುಖ್ಯ. ಮನೆಯಲ್ಲಿ ಚಾಪೆ ಮೇಲೆ ಮಲಗಿ, ಸರ್ಫ್‌ಬೋರ್ಡ್ ಮೇಲೆ ಏಳುವ ಹಾಗೇ ಎದ್ದು ನಿಲ್ಲಿ. ಕಾಲು ಕದಲಿಸಬೇಡಿ. ಎರಡೂ ಪಾದದ ನಡುಭಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿಸಿ ಅಳೆಯಿರಿ. ಅಂಗಡಿಯಲ್ಲಿ ಬೋರ್ಡ್ ಮೇಲೆ ಅದೇ ಅಂತರಕ್ಕೆ ಕಾಲಿಟ್ಟಾಗ ಹಿಂದಿನ ಪಾದ ಹಿಂದಿನ ಟ್ರಕ್‌ನ ಬೋಲ್ಟ್‌ಗಳ ಮೇಲೆ ಬರಬೇಕು, ಮುಂದಿನ ಪಾದ ಮುಂದಿನ ಬೋಲ್ಟ್‌ಗಳ ಮೇಲೋ ಒಂಚೂರು ಹಿಂದೆಯೋ ಬರಬೇಕು. ಎರಡೂ ಪಾದ ಬೋಲ್ಟ್‌ಗಳಿಂದ ತುಂಬ ಒಳಗೆ ಉಳಿದರೆ ಆ ಬೋರ್ಡ್ ನಿಮಗೆ ದೊಡ್ಡದು. ನಿಮ್ಮ ಎತ್ತರಕ್ಕೆ ಸುಮಾರು 16.5ರಿಂದ 18 ಇಂಚು ವೀಲ್‌ಬೇಸ್, 30ರಿಂದ 32 ಇಂಚಿನ ಡೆಕ್ ಹೊಂದುತ್ತದೆ. ಓಡಾಟವೂ ಬೇಕಾದ್ದರಿಂದ ಈ ಲೆಕ್ಕದಲ್ಲಿ ದೊಡ್ಡ ಕಡೆಗೇ ಹೋಗಿ. ಒಂದು ಎಚ್ಚರಿಕೆ: ಕೆಲವರು ಚಕ್ರದ ನಡುವಿನಿಂದ ಅಳೆಯುತ್ತಾರೆ, ಕೆಲವರು ಬೋಲ್ಟ್ ತೂತಿನಿಂದ. ಎರಡು ಕಂಪನಿಗಳ ಅಂಕಿಯನ್ನು ಪಕ್ಕಪಕ್ಕ ಇಟ್ಟು ಹೋಲಿಸುವ ಮುಂಚೆ ಹೇಗೆ ಅಳೆದಿದ್ದಾರೆ ಅಂತ ಕೇಳಿ.

ಚಕ್ರ 70 ಮಿ.ಮೀ. ಆಸುಪಾಸು, ಗಡಸುತನ 78ಎ ಇರಲಿ. ಅಂಕಿ ಕಡಿಮೆ ಆದಷ್ಟೂ ಚಕ್ರ ಮೆತ್ತಗೆ. ನಮ್ಮ ರಸ್ತೆಯ ಜಲ್ಲಿ, ಕಾಂಕ್ರೀಟ್ ಸಂದು, ಒಡೆದ ಟಾರು ಎಲ್ಲ ನೆನೆದರೆ ಗಟ್ಟಿ ಚಕ್ರ ಬೇಡವೇ ಬೇಡ. ಇಂಟರ್‌ಲಾಕ್ ಹಾಕಿದ ಜಾಗದಲ್ಲಿ ಮೆತ್ತನೆ ಚಕ್ರವೂ ಕಟಕಟ ಅನ್ನುತ್ತದೆ, ಅಲ್ಲಿ ಅಭ್ಯಾಸ ಮಾಡುವ ಆಸೆ ಬಿಡಿ.

ದುಡ್ಡಿನ ಮಾತು. ಒಳ್ಳೆಯ ಕಂಪನಿಯ ಬೋರ್ಡ್‌ಗೆ ಹೊರದೇಶದಲ್ಲೇ 200ರಿಂದ 300 ಡಾಲರ್ ಆಗುತ್ತದೆ. ಸಾಗಣೆ, ಸುಂಕ ಸೇರಿ ಇಲ್ಲಿ ಇನ್ನೂ ಏರುತ್ತದೆ. ಹಾಗಾಗಿ ಅಗ್ಗದ ನಕಲುಗಳ ಕಡೆ ಕಣ್ಣು ಹೋಗುವುದು ಸಹಜ. ಎಲ್ಲವೂ ಕೆಟ್ಟದ್ದಲ್ಲ, ಆದರೆ ಪರೀಕ್ಷೆ ಮಾಡದೆ ತಗೋಬೇಡಿ. ಬೋರ್ಡ್ ಮಗುಚಿ ಮುಂದಿನ ಟ್ರಕ್ಕನ್ನು ಗಟ್ಟಿಯಾಗಿ ಹಿಡಿದು ಮೇಲಕ್ಕೂ ಕೆಳಕ್ಕೂ ಅಲ್ಲಾಡಿಸಿ. ಟ್ರಕ್ ಪಕ್ಕಕ್ಕೆ ತಿರುಗಬೇಕು, ಮೇಲೆ ಕೆಳಗೆ ಲೊಡಲೊಡ ಅನ್ನಬಾರದು. ಹೊಸದರಲ್ಲೇ ಸಡಿಲ ಇದ್ದರೆ ತಿಂಗಳೊಪ್ಪತ್ತಿನಲ್ಲಿ ಅದರ ಮೇಲೆ ನಂಬಿಕೆ ಇಟ್ಟು ವಾಲಲು ಆಗುವುದಿಲ್ಲ. ಆಮೇಲೆ ಟ್ರಕ್ಕನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ ಕೈ ಬಿಡಿ. ನಡುವಿಗೆ ನೆಟ್ಟಗೆ ವಾಪಸ್ ಬರಬೇಕು. ಅರ್ಧಕ್ಕೆ ನಿಂತರೆ ಆ ಬೋರ್ಡ್ ಅಲ್ಲೇ ಇಟ್ಟು ಬನ್ನಿ.

ಇಳಿಜಾರು ರಸ್ತೆಗೆ ಮಾತ್ರ ಇದನ್ನು ಒಯ್ಯಬೇಡಿ. ಮುಂದಿನ ಟ್ರಕ್ ಇಷ್ಟು ಸಡಿಲ ಇರುವುದರಿಂದ ವೇಗ ಏರಿದರೆ ಬೋರ್ಡ್ ನಡುಗಲು ಶುರುವಾಗುತ್ತದೆ. ಒಮ್ಮೆ ನಡುಗಿದರೆ ಹಿಡಿತಕ್ಕೆ ಬರುವುದು ಕಷ್ಟ. ಇದಕ್ಕೆ ಬ್ರೇಕ್ ಇಲ್ಲ, ಕಾಲು ಉಜ್ಜಿ ನಿಲ್ಲಿಸುವುದೂ ಸುಲಭವಲ್ಲ. ಇಳಿದು ನಾಲ್ಕು ಹೆಜ್ಜೆ ಓಡಿ ನಿಲ್ಲಬಲ್ಲ ವೇಗ, ಅದೇ ನಿಮ್ಮ ಮಿತಿ. ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ಗೆ ಇಳಿಯುವ ರ‍್ಯಾಂಪ್ ನೋಡಿ ಆಸೆ ಪಡುವವರಿಗೂ ಇದೇ ಉತ್ತರ.

ಪ್ರಶ್ನೆ: ಮಗಳಿಗೆ 11 ವರ್ಷ, ಎತ್ತರ 4 ಅಡಿ 7 ಇಂಚು. ಅವಳ ಅಣ್ಣನ ಸರ್ಫ್‌ಸ್ಕೇಟ್ ಮನೆಯಲ್ಲಿದೆ. ಅದರಲ್ಲೇ ಕಲಿಯಬಹುದೇ? (ಉಡುಪಿಯಿಂದ ತಾಯಿಯೊಬ್ಬರು)

ನಿಂತು ರುಚಿ ನೋಡಲು ಅಡ್ಡಿಯಿಲ್ಲ, ಕಲಿಯಲು ಅದು ಬೇಡ. ಅಣ್ಣನ ವೀಲ್‌ಬೇಸ್‌ಗೆ ಅವಳು ಕಾಲು ಅಗಲಿಸಿ ನಿಲ್ಲಬೇಕಾಗುತ್ತದೆ. ಆಗ ಮಂಡಿ ಬಗ್ಗುವುದಿಲ್ಲ, ಸೊಂಟ ತಿರುಗುವುದಿಲ್ಲ. 15 ಇಂಚಿನ ಒಳಗಿನ ವೀಲ್‌ಬೇಸ್ ನೋಡಿ. ಮಕ್ಕಳ ತೂಕಕ್ಕೆ ಬುಶಿಂಗ್ ಮೆತ್ತಗೆ ಇರಬೇಕು, ಇಲ್ಲದಿದ್ದರೆ ಎಷ್ಟು ವಾಲಿದರೂ ಬೋರ್ಡ್ ಕೇಳುವುದಿಲ್ಲ. ಬುಶಿಂಗ್ ಬದಲಿಸಲು ದೊಡ್ಡ ಖರ್ಚಿಲ್ಲ. ಬೋರ್ಡ್‌ಗಿಂತ ಮೊದಲು ಹೆಲ್ಮೆಟ್, ಮಣಿಕಟ್ಟಿನ ಗಾರ್ಡ್, ಮಂಡಿ ಪ್ಯಾಡ್ ತನ್ನಿ. ಬೀಳುವಾಗ ಎಲ್ಲರೂ ಕೈ ಊರುತ್ತಾರೆ, ಮಣಿಕಟ್ಟಿಗೇ ಮೊದಲ ಪೆಟ್ಟು. ಚಪ್ಪಲಿ ಹಾಕಿ ಹತ್ತಲು ಬಿಡಬೇಡಿ, ಅಡಿ ಚಪ್ಪಟೆಯಾಗಿರುವ ಶೂ ಬೇಕು.

ಪ್ರಶ್ನೆ: ಆರು ತಿಂಗಳಿಂದ ಸ್ಪ್ರಿಂಗ್ ಟ್ರಕ್ ಬೋರ್ಡ್ ಓಡಿಸುತ್ತಿದ್ದೇನೆ. ಕಾಲು ನೆಲಕ್ಕೆ ತಾಗಿಸದೆ ಎಷ್ಟು ದೂರ ಬೇಕಾದರೂ ಹೋಗಬಲ್ಲೆ. ಆದರೂ ಸಸಿಹಿತ್ಲುವಿನಲ್ಲಿ ನೀರಿಗಿಳಿದರೆ ನನ್ನ ತಿರುವಿನಲ್ಲಿ ಏನೂ ಬದಲಾವಣೆ ಇಲ್ಲ. ಬೋರ್ಡ್ ಬದಲಿಸಬೇಕೇ? (ಸುರತ್ಕಲ್)

ಬೋರ್ಡ್ ಬದಲಿಸಬೇಡಿ. ನೀವು ಹೇಗೆ ಸಾಗುತ್ತಿದ್ದೀರಿ ಅಂತ ಒಮ್ಮೆ ಫೋನಿನಲ್ಲಿ ವಿಡಿಯೊ ಮಾಡಿಸಿ ನೋಡಿ. ನನ್ನ ಊಹೆ: ನಿಮ್ಮ ಕಾಲು, ಸೊಂಟ ಮಾತ್ರ ಅತ್ತಿತ್ತ ಆಡುತ್ತಿದೆ, ತಲೆ ಮತ್ತು ಹೆಗಲು ಏರದೆ ಇಳಿಯದೆ ಒಂದೇ ಎತ್ತರದಲ್ಲಿ ಉಳಿದಿವೆ. ಸ್ಪ್ರಿಂಗ್ ಟ್ರಕ್ ಇದಕ್ಕೂ ಸಾಗಿಬಿಡುತ್ತದೆ. ನೀರು ಒಪ್ಪುವುದಿಲ್ಲ. ಸರ್ಫ್‌ಸ್ಕೇಟ್ ಇಟ್ಟುಕೊಂಡವರಲ್ಲಿ ನಾನು ಹೆಚ್ಚು ಕಾಣುವ ಚಟ ಇದು. ದೂರ ಹೋಗುವುದನ್ನೇ ಅಭ್ಯಾಸ ಅಂದುಕೊಂಡರೆ ತಪ್ಪು ಚಲನೆಯೇ ಮೈಗೆ ಹತ್ತುತ್ತದೆ.

ವೇಗ ಬರಬೇಕಾದ್ದು ಮಂಡಿಯಿಂದ. ಉಯ್ಯಾಲೆ ಜೀಕುವ ಹಾಗೆ, ಸರಿಯಾದ ಗಳಿಗೆಯಲ್ಲಿ ಮಡಚಿ ಚಾಚಿದರೆ ಮಾತ್ರ ಮುಂದಿನ ಸುತ್ತಿಗೆ ಬಲ ಸಿಗುತ್ತದೆ. ತಿರುವಿಗೆ ಹೋಗುವಾಗ ಕುಗ್ಗಿ, ತಿರುವಿನಿಂದ ಹೊರಬರುವಾಗ ಎದ್ದೇಳಿ. ಅಲೆಯ ಬುಡದಲ್ಲಿ ಬಾಟಮ್ ಟರ್ನ್ ಹಾಕುವಾಗ ಮಾಡಬೇಕಾದ್ದೂ ಇದೇ. ಬುಡದಲ್ಲಿ ಕುಗ್ಗುತ್ತೀರಿ, ಗೋಡೆ ಏರುವಾಗ ಚಾಚುತ್ತೀರಿ. ಕ್ರಮ ಹೀಗಿರಲಿ: ಮೊದಲು ಕಣ್ಣು ಹೋಗಬೇಕಾದ ಕಡೆಗೆ, ಅದರ ಹಿಂದೆ ಮುಂದಿನ ಕೈ ಮತ್ತು ಹೆಗಲು, ಆಮೇಲೆ ಸೊಂಟ. ಕಾಲು ಕೊನೆಗೆ ತಾನಾಗಿ ಬರುತ್ತದೆ.

ನೀರು ಸುರಿದರೆ ನಿಧಾನಕ್ಕೆ ಹರಿದು ಹೋಗುವಷ್ಟು ಇಳಿಜಾರು ಇರುವ ಅಂಗಳ ಹುಡುಕಿ. ನಾಲ್ಕೈದು ಚಪ್ಪಲಿಗಳನ್ನು ಮೂರ್ನಾಲ್ಕು ಮೀಟರ್ ಬಿಟ್ಟು ಬಿಟ್ಟು ಅಂಕುಡೊಂಕಾಗಿ ಇಡಿ. ಒಂದೊಂದರ ಹೊರಗಿನಿಂದ ದೊಡ್ಡ, ನಿಧಾನದ ತಿರುವು ಹಾಕಿ. ಒಂದು ತಿರುವು ಮುಗಿದು ಮೈ ಪೂರ್ತಿ ಚಾಚಿದ ಮೇಲೇ ಮುಂದಿನದು. ಇದು ನೆಟ್ಟಗಾದ ಮೇಲೆ ಎರಡು ಚಪ್ಪಲಿ ಸುತ್ತ ಎಂಟರ ಅಂಕಿ ಬರೆಯಿರಿ. ಕಟ್‌ಬ್ಯಾಕ್‌ಗೆ (ಅಲೆಯ ಮೇಲೆ ಮುಂದೆ ಹೋದವರು ಅದು ಒಡೆಯುವ ಕಡೆಗೆ ವಾಪಸ್ ತಿರುಗುವುದಕ್ಕೆ) ಅದೇ ತಯಾರಿ. ಕಾಲ್ಬೆರಳಿನ ಕಡೆಯ ತಿರುವು ಎಲ್ಲರಿಗೂ ಬೇಗ ಬರುತ್ತದೆ. ಹಿಮ್ಮಡಿ ಕಡೆಯದು ಬೆನ್ನ ಹಿಂದೆ ನೋಡದೆ ಬರುವುದಿಲ್ಲ, ಅದಕ್ಕೇ ಎಲ್ಲರೂ ತಪ್ಪಿಸಿಕೊಳ್ಳುತ್ತಾರೆ. ಆದರೆ ನಮ್ಮ ಮರಳು ತೀರಗಳಲ್ಲಿ ಅಲೆ ಎಡಕ್ಕೂ ಒಡೆಯುತ್ತದೆ, ಬಲಕ್ಕೂ ಒಡೆಯುತ್ತದೆ. ಹಿಮ್ಮಡಿ ತಿರುವು ಬಾರದವರು ಅರ್ಧ ಅಲೆಗಳನ್ನು ಬಿಟ್ಟುಕೊಟ್ಟ ಹಾಗೆ. ಅಭ್ಯಾಸದ ಮುಕ್ಕಾಲು ಪಾಲು ಸಮಯ ಅದಕ್ಕೇ ಕೊಡಿ.

ಇನ್ನೊಂದು ವ್ಯತ್ಯಾಸ ನೆನಪಿರಲಿ. ಸರ್ಫ್‌ಸ್ಕೇಟ್ ಮುಂದಿನ ಕಾಲು ಒತ್ತಿದರೆ ಸಾಕು ತಿರುಗುತ್ತದೆ. ಸರ್ಫ್‌ಬೋರ್ಡ್‌ಗೆ ಹಿಂದಿನ ಕಾಲಿನ ಒತ್ತು ಬೇಕೇ ಬೇಕು. ಪ್ರತಿ ತಿರುವಿನಲ್ಲೂ ತೂಕ ಹಿಂದಿನ ಬೋಲ್ಟ್‌ಗಳ ಮೇಲೆ ಬಂತೇ ಅಂತ ಗಮನಿಸಿ.

ಪ್ರಶ್ನೆ: ಹಳೆಯ ಸ್ಕೇಟ್‌ಬೋರ್ಡ್ ಇದೆ. ಅದಕ್ಕೆ ಅಡಾಪ್ಟರ್ ಹಾಕಿ ಸರ್ಫ್‌ಸ್ಕೇಟ್ ಮಾಡಬಹುದಂತೆ, ನಿಜವೇ? (ಮೈಸೂರು)

ನಿಜ. ಡೆಕ್ ಮತ್ತು ಮುಂದಿನ ಟ್ರಕ್ ನಡುವೆ ಕೂರಿಸುವ ಅಡಾಪ್ಟರ್ ಬರುತ್ತದೆ, ವಾಟರ್‌ಬೋರ್ನ್ ಕಂಪನಿಯದು ಹೆಸರುವಾಸಿ. ಸುತ್ತಾಟಕ್ಕೆ, ಇದು ನನಗೆ ಹಿಡಿಸುತ್ತದೋ ಇಲ್ಲವೋ ಅಂತ ನೋಡಲಿಕ್ಕೆ ಒಳ್ಳೆಯ ದಾರಿ. ಮುಂಭಾಗ ಎತ್ತರ ಆಗುವುದರಿಂದ ಹಿಂದೆಯೂ ರೈಸರ್ (ಎತ್ತರಿಸುವ ದಪ್ಪ ತುಂಡು) ಕೊಟ್ಟು ಸಮ ಮಾಡಬೇಕು. ಪುಟ್ಟ ಗಟ್ಟಿ ಚಕ್ರಗಳನ್ನೂ ಬದಲಿಸಬೇಕು. ದೊಡ್ಡ ಚಕ್ರ ಹಾಕಿದ ಮೇಲೆ ಪೂರ್ತಿ ವಾಲಿಸಿ ನೋಡಿ. ಚಕ್ರ ಡೆಕ್‌ಗೆ ತಾಗಿದರೆ ಬೋರ್ಡ್ ಗಕ್ಕನೆ ನಿಂತು ನಿಮ್ಮನ್ನು ಮುಂದಕ್ಕೆ ಎಸೆಯುತ್ತದೆ. ಟ್ರಕ್ ಡೆಕ್‌ನ ತೂತಿನೊಳಗೆ ಕೂರುವ ಲಾಂಗ್‌ಬೋರ್ಡ್ ಆದರೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಪ್ರಶ್ನೆ: ಕಡಲ ಪಕ್ಕದ ಮನೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಚಕ್ರಗಳು ಕಿರಗುಡುತ್ತಿವೆ. ಕೊಬ್ಬರಿ ಎಣ್ಣೆ ಬಿಡಬಹುದೇ? (ಕುಂದಾಪುರ)

ಬೇಡ. ಕೊಬ್ಬರಿ ಎಣ್ಣೆ ಧೂಳು ಹಿಡಿದು ಅಂಟಾಗುತ್ತದೆ. ನಿಮ್ಮಲ್ಲಿ ತುಕ್ಕು ಹಿಡಿದಿರುವುದು ಬೇರಿಂಗ್. ಚಕ್ರ ಬಿಚ್ಚಿ, ಬೇರಿಂಗ್ ಹೊರತೆಗೆದು ಬೆರಳಿನಲ್ಲಿ ತಿರುಗಿಸಿ. ಸರಾಗ ತಿರುಗಿದರೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ಒಂದೆರಡು ಹನಿ ಬೇರಿಂಗ್ ಎಣ್ಣೆ ಬಿಡಿ. ಹೊಲಿಗೆ ಯಂತ್ರದ ಎಣ್ಣೆಯೂ ನಡೆಯುತ್ತದೆ. ಒಳಗೆ ಗರಗರ ಅಂದರೆ ತೊಳೆದು ಪ್ರಯೋಜನವಿಲ್ಲ, ಎಂಟೂ ಬೇರಿಂಗ್ ಹೊಸದು ಹಾಕಿ. ಸ್ಕೇಟ್ ಬೇರಿಂಗ್‌ನ ಮಾಮೂಲಿ ಅಳತೆ 608. ದೊಡ್ಡ ಪೇಟೆಯ ಬೇರಿಂಗ್ ಅಂಗಡಿಯಲ್ಲೂ ಕೇಳಿ ನೋಡಿ.

ಒದ್ದೆ ನೆಲದಲ್ಲಿ ಓಡಿಸಬೇಡಿ, ಬೇರಿಂಗ್ ಹಾಳಾಗುತ್ತದೆ, ನಿಮ್ಮ ಕಾಲೂ ಜಾರುತ್ತದೆ. ಮರಳು ಮೆತ್ತಿದ ಬೋರ್ಡನ್ನು ಕೊಳವೆ ನೀರಿನಲ್ಲಿ ತೊಳೆಯುವ ಬದಲು ಒಣ ಬ್ರಶ್‌ನಲ್ಲಿ ಕೊಡವಿ. ಮಳೆಗಾಲದಲ್ಲಿ ಜಗಲಿಯಲ್ಲಿ ಬಿಡದೆ ಒಳಗೆ ಗೋಡೆಗೆ ಒರಗಿಸಿಡಿ. ಸ್ಪ್ರಿಂಗ್ ಟ್ರಕ್ ಆದರೆ ಅದರ ತೋಳಿನ ಬುಡಕ್ಕೆ ಮಳೆಗಾಲದ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಗ್ರೀಸ್ ಹಚ್ಚಿ.