ಪದಕದ ಮೇಲಿನ ಕುದುರೆ, ಹಿಂಬದಿಯ ಕೋಣೆ

ಮಂಡ್ಯ ಜಿಲ್ಲೆಯ ಹಳ್ಳಿಯೊಂದರಲ್ಲಿ ಪೂರ್ವಿಕರ ತೊಟ್ಟಿಮನೆ ಇರುವ ಓದುಗರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅದನ್ನು ಓದಿ ನನಗೆ ಸಿಟ್ಟು ಬಂತೆಂಬುದನ್ನು ಮೊದಲೇ ತಿಳಿಸಿಬಿಡುತ್ತೇನೆ. ಅವರ ಮುತ್ತಾತ ಮೈಸೂರು ಸಂಸ್ಥಾನದ ಕುದುರೆ ಪಡೆಯಾದ ಮೈಸೂರು ಲ್ಯಾನ್ಸರ್ಸ್‌ನಲ್ಲಿ ಸವಾರರಾಗಿದ್ದು, 1918ರ ಸೆಪ್ಟೆಂಬರ್ 23ರಂದು ಇಂದಿನ ಇಸ್ರೇಲಿನ ಹೈಫಾ ಪಟ್ಟಣದ ಮೇಲೆ ನಡೆದ ದಾಳಿಯಲ್ಲಿ ಈಟಿ ಹಿಡಿದು ನುಗ್ಗಿದವರೆಂಬುದು ಮನೆತನದ ನಂಬಿಕೆ. ದೊಡ್ಡಪ್ಪನ ಮಗ ಈಗ ಮನೆಯನ್ನು ದುರಸ್ತಿ ಮಾಡಿಸಿ, ಮನೆತನದ ಚರಿತ್ರೆಯ ಪುಸ್ತಕವನ್ನೂ ಅಚ್ಚು ಹಾಕಿಸಲು ಹೊರಟಿದ್ದಾರೆ. ಪತ್ರ ಬರೆದವರು ಮುತ್ತಾತನ ಪದಕವನ್ನು ಬಿಸಿಲಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದಾಗ, ಅಂಚಿನಲ್ಲಿ ಮುತ್ತಾತನ ಹೆಸರಿನ ಮುಂದೆ ‘ಲೇಬರ್ ಕೋರ್’, ಅಂದರೆ ಕೂಲಿ ಪಡೆ, ಎಂದು ಕೊರೆದಿರುವುದು ಕಂಡಿದೆ. ಅಣ್ಣನಿಗೆ ಇದನ್ನು ಹೇಳಿ ಮನೆತನದ ಮರ್ಯಾದೆ ಕಳೆಯಬೇಕೇ, ಸುಮ್ಮನಿರಬೇಕೇ ಎಂಬುದು ಅವರ ಪ್ರಶ್ನೆ.

ಪದಕದ ವಿಷಯವನ್ನು ಬೇಗ ಮುಗಿಸೋಣ. ನಿಮ್ಮ ಪದಕ ಕಂಚಿನದು ಎಂದು ನೀವೇ ಬರೆದಿದ್ದೀರಿ. ಮೊದಲ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್ ಅನ್ನು ಕಾದಾಡಿದ ಸೈನಿಕರಿಗೆ ಬೆಳ್ಳಿಯಲ್ಲಿಯೂ, ಕೂಲಿ ಪಡೆಗಳಂಥ ತುಕಡಿಗಳ ಜನರಿಗೆ ಕಂಚಿನಲ್ಲಿಯೂ ಕೊಡಲಾಗಿತ್ತು. ಎರಡರಲ್ಲಿಯೂ ಒಂದು ಬದಿಗೆ ಐದನೆಯ ಜಾರ್ಜ್ ದೊರೆಯ ಮುಖ, ಇನ್ನೊಂದು ಬದಿಗೆ 1914 ಮತ್ತು 1918 ಎಂಬ ಇಸವಿಗಳ ಜೊತೆ ಕುದುರೆಯೇರಿದ ಒಬ್ಬ ಪುರುಷನ ಚಿತ್ರ ಇರುತ್ತದೆ. ಮೂಟೆ ಹೊತ್ತವನಿಗೂ ಕುದುರೆಯ ಚಿತ್ರವೇ ಸಿಕ್ಕಿತು. ಅಂಚಿನ ಇಂಗ್ಲಿಷ್ ಅಕ್ಷರಗಳನ್ನು ಓದಲಾರದ ಮನೆಯವರು ಚಿತ್ರ ನೋಡಿ ಮುತ್ತಾತನನ್ನು ಸವಾರನೆಂದು ತಿಳಿದಿದ್ದರೆ ಅದರಲ್ಲಿ ಸುಳ್ಳಿನ ಉದ್ದೇಶವಿರಲಿಲ್ಲ. ನಾನು ಕ್ಷಮಿಸಲಾರದಿರುವುದು, ಪುಸ್ತಕದ ಕರಡು ಬರೆದುಕೊಟ್ಟ ನಿಮ್ಮೂರಿನ ನಿವೃತ್ತ ಮೇಷ್ಟ್ರನ್ನು; ಕಾಗದಪತ್ರ ಒಂದನ್ನೂ ನೋಡದೆ ಆ ಕುದುರೆಗೆ ಹೆಸರನ್ನೂ ಇಟ್ಟಿದ್ದಾರಲ್ಲ!

ಇನ್ನು ನೀವು ಮೂರನೆಯ ಪುಟದಲ್ಲಿ ಒಂದೇ ವಾಕ್ಯದಲ್ಲಿ ದಾಟಿಸಿರುವ ವಿಷಯಕ್ಕೆ ಬರುತ್ತೇನೆ. ‘ಹಿಂಬದಿಯ ಕೋಣೆಯನ್ನು ಮುತ್ತಾತನ ಸ್ಮಾರಕವಾಗಿ ಮಾಡುವುದರಿಂದ, ಅಲ್ಲಿದ್ದ ಸೋದರತ್ತೆಯನ್ನು ಸದ್ಯಕ್ಕೆ ನನ್ನ ತಂಗಿಯ ಮನೆಗೆ ಕಳುಹಿಸಿದ್ದೇವೆ.’ ಆಕೆಗೆ 84 ವರ್ಷ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಅದೇ ಕೋಣೆಯಲ್ಲಿ ಬದುಕಿದವರು. ಪ್ರತಿ ವರ್ಷ ಆಯುಧಪೂಜೆಯ ದಿನ ಆ ಪದಕವನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ, ಅರಿಶಿನ ಕುಂಕುಮ ಇಟ್ಟವರು ಆಕೆಯೇ ಎಂದೂ ಬರೆದಿದ್ದೀರಿ. ‘ನಮ್ಮ ತಾತ ಬಸ್ರಾದಲ್ಲಿ ಮೂಟೆ ಹೊತ್ತೋನು’ ಎಂದು ಆಕೆ ಆಗಾಗ ಹೇಳುತ್ತಿದ್ದರಂತೆ, ಮನೆಯವರು ಅರಳುಮರಳೆಂದು ನಕ್ಕರಂತೆ. ಮೆಸೊಪೊಟೇಮಿಯಾದ, ಅಂದರೆ ಇಂದಿನ ಇರಾಕಿನ, ಯುದ್ಧಕ್ಕೆ ಬಸ್ರಾ ಬಂದರೇ ಬಾಗಿಲು. ಹಡಗುಗಳ ಸರಕು ಇಳಿಸುವುದಕ್ಕೆ, ರೈಲುಹಳಿ ಹಾಕುವುದಕ್ಕೆ ಭಾರತದ ಕೂಲಿ ಪಡೆಗಳು ಅಲ್ಲಿಗೆ ಹೋಗಿದ್ದವು. ಅತ್ತೆ ಹೇಳುತ್ತಿದ್ದುದಕ್ಕೂ ಪದಕದ ಅಂಚಿಗೂ ತಾಳೆಯಾಗುತ್ತಿದೆ. ಮುತ್ತಾತನನ್ನು ಕಣ್ಣಾರೆ ಕಂಡು, ಅವರ ಮಾತು ಕೇಳಿ ಬೆಳೆದವರಲ್ಲಿ ಉಳಿದಿರುವುದು ಆಕೆ ಒಬ್ಬರೇ. ನೀವು ಹೊರಗೆ ಕಳುಹಿಸಿದ್ದೂ ಅವರನ್ನೇ.

ಮನೆತನದ ಚರಿತ್ರೆ ಬರೆಯುವವರು ಮೊದಲು ಆ ಮನೆಯ ಹಿರಿಯ ಹೆಣ್ಣುಮಕ್ಕಳ ಬಳಿ ಕುಳಿತುಕೊಳ್ಳಬೇಕೆಂದು ಈ ಅಂಕಣದಲ್ಲಿ ಎಷ್ಟೋ ಸಲ ಬರೆದು ಓದುಗರಿಂದ ಬೈಸಿಕೊಂಡಿದ್ದೇನೆ. ನೀವು ಲಗತ್ತಿಸಿರುವ ವಂಶವೃಕ್ಷದಲ್ಲಿ ನಿಮ್ಮ ತಂದೆ, ದೊಡ್ಡಪ್ಪ, ಚಿಕ್ಕಪ್ಪಂದಿರ ಹೆಸರುಗಳಿವೆ, ಅತ್ತೆಯ ಹೆಸರಿಲ್ಲ. ಹೆಸರು ಬಿಟ್ಟ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕೆಂದು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಹೇಳಿದೆ. ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ. 2004ರ ಡಿಸೆಂಬರ್ 20ಕ್ಕಿಂತ ಮೊದಲು ನೋಂದಾಯಿತ ವಿಭಾಗ ಪತ್ರ ಆಗಿದ್ದರೆ ಮಾತು ಬೇರೆ. ಅದನ್ನು ವಕೀಲರ ಬಳಿ ಕೇಳಿ ತಿಳಿಯಿರಿ. ಅಣ್ಣನವರು ಸ್ಮಾರಕದ ಕೋಣೆಗೆ ಬಣ್ಣ ಆರಿಸುವ ಮೊದಲು ಇದನ್ನು ಕೇಳಬೇಕಿತ್ತು.

ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ, ಆದರೆ ಹೆಚ್ಚಿನ ಕನಿಕರ ಹುಟ್ಟುತ್ತಿಲ್ಲ. ಕೂಲಿ ಪಡೆಯವನ ಮನೆತನವೆಂದರೆ ಮರ್ಯಾದೆ ಹೋಗುತ್ತದೆಂದು ಅಣ್ಣನವರು ಹೆದರುತ್ತಾರೆ. ಸಮುದ್ರ ದಾಟಿ ಯುದ್ಧಭೂಮಿಗೆ ಹೋಗಿ, ದುಡಿದು ಮರಳಿ ಬಂದವನ ಮೊಮ್ಮಗಳನ್ನು ಆಕೆಯ ಕೋಣೆಯಿಂದ ಎಬ್ಬಿಸಿದಾಗ ಅವರಿಗೆ ಆ ಹೆದರಿಕೆ ಬಂದಂತಿಲ್ಲ. ನೀವು ಸಹ ನಾಲ್ಕು ಪುಟಗಳಲ್ಲಿ ಮುತ್ತಾತನ ಮರ್ಯಾದೆಯ ಬಗ್ಗೆಯೇ ಯೋಚಿಸಿದ್ದೀರಿ.

ಆದ್ದರಿಂದ ಈ ವಾರವೇ ತಂಗಿಯ ಮನೆಗೆ ಹೋಗಿ ಅತ್ತೆಯನ್ನು ಕರೆತನ್ನಿ. ಆಕೆಯ ಕೋಣೆಯಲ್ಲೇ ಕೂರಿಸಿ, ಪದಕ ಕೈಗಿತ್ತು, ಹೇಳುವುದೆಲ್ಲವನ್ನೂ ಫೋನಿನಲ್ಲಿ ದಾಖಲಿಸಿಕೊಳ್ಳಿ. ಮೇಷ್ಟ್ರನ್ನು ಅಂದು ಕರೆಯಬೇಡಿ. ಆಮಂತ್ರಣ ಪತ್ರಿಕೆ ಅಚ್ಚಾಗಿದೆ ಎಂದು ಅಣ್ಣನವರು ತಗಾದೆ ತೆಗೆದರೆ, ಪುಸ್ತಕದ ಬಿಡುಗಡೆಯನ್ನು ಮುಂದೂಡಲಿ.