ದುರಾಸೆ ಅಂತ ಬರೆದು ಕೈ ತೊಳೆದುಕೊಳ್ಳಬೇಡಿ

ನಮಸ್ಕಾರ,

ಅಮೆರಿಕದ ಕಾಲೇಜು ಫುಟ್‌ಬಾಲ್ ಮತ್ತು ಟಿವಿ ದುಡ್ಡಿನ ಬಗ್ಗೆ ನೀವು ಬರೆದ ಲೇಖನ ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡುವ ಲೇಖನವೂ ಅಲ್ಲ, ಅದಕ್ಕೇ ಇಷ್ಟುದ್ದ ಉತ್ತರ.

ನೀವು ಕೊರ್ವಾಲಿಸ್‌ನಲ್ಲಿ, ಒರೆಗಾನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಓದುತ್ತಿದ್ದೀರಿ. ನಿಮ್ಮ ಕಣ್ಣೆದುರೇ 2023ರ ಬೇಸಿಗೆಯಲ್ಲಿ ಪ್ಯಾಕ್-12 ಕಾನ್ಫರೆನ್ಸ್, ಅಂದರೆ ಪಶ್ಚಿಮದ ಕಾಲೇಜುಗಳು ತಮ್ಮತಮ್ಮಲ್ಲೇ ಆಡುವ ಕೂಟ, ಚೂರುಚೂರಾಯಿತು. ಹನ್ನೆರಡರಲ್ಲಿ ಹತ್ತು ಕಾಲೇಜುಗಳು ಬೇರೆ ಕಾನ್ಫರೆನ್ಸ್‌ಗಳಿಗೆ ಹೋದವು, ನಿಮ್ಮದು ಮತ್ತು ವಾಷಿಂಗ್ಟನ್ ಸ್ಟೇಟ್ ಎರಡೇ ಉಳಿದವು. ಇದನ್ನು ಕನ್ನಡದಲ್ಲಿ ಹೇಳಬೇಕು ಅಂತ ನಿಮಗೆ ಅನಿಸಿತಲ್ಲ, ಅದು ನನಗೆ ತುಂಬಾ ಇಷ್ಟವಾಯಿತು. ಆದರೆ ದುರಾಸೆ ಅನ್ನುವ ಮಾತು ಪುಟಪುಟದಲ್ಲೂ ಇದೆ. ಆ ಟಿವಿ ದುಡ್ಡು ಯಾರ ಜೇಬಿನಿಂದ ಬಂತು, ಯಾಕೆ ಒಂದು ಕಾಲೇಜಿಗೆ ಸಿಕ್ಕಿ ಇನ್ನೊಂದಕ್ಕೆ ಸಿಗಲಿಲ್ಲ ಅನ್ನುವುದು ಎಲ್ಲೂ ಇಲ್ಲ. ಆಸೆ ಯಾವ ಕಾಲದಲ್ಲಿ ಇರಲಿಲ್ಲ ಹೇಳಿ? ಈಗಲೇ ಯಾಕೆ ಹೀಗಾಯಿತು, ಇದೇ ರೀತಿ ಯಾಕಾಯಿತು ಅನ್ನುವುದಕ್ಕೆ ಉತ್ತರ ಬೇಕು. ಅದಿಲ್ಲದೆ ಓದುಗರಿಗೆ ನಿಮ್ಮ ಬೇಜಾರು ಮಾತ್ರ ಗೊತ್ತಾಗುತ್ತದೆ.

ಮೊದಲು ಐಪಿಎಲ್ ಹೋಲಿಕೆ ತೆಗೆದುಬಿಡಿ, ಅಥವಾ ಉಲ್ಟಾ ಮಾಡಿ. ಅಮೆರಿಕದ ಕಾಲೇಜು ಫುಟ್‌ಬಾಲ್ ಈಗ ಐಪಿಎಲ್ ತರಹ ಆಗಿಬಿಟ್ಟಿದೆ ಅಂತ ಬರೆದಿದ್ದೀರಿ. ಐಪಿಎಲ್‌ನಲ್ಲಿ ಪ್ರಸಾರ ಹಕ್ಕು ಮಾರುವುದು ಕ್ರಿಕೆಟ್ ಮಂಡಳಿ ಒಂದೇ. 2023ರಿಂದ 2027ರವರೆಗಿನ ಹಕ್ಕು 48,390 ಕೋಟಿ ರೂಪಾಯಿಗೆ ಹೋಯಿತು, ಅದರ ಪಾಲು ಹತ್ತೂ ತಂಡಗಳಿಗೆ ಬರುತ್ತದೆ. ಬೆಂಗಳೂರು ತಂಡ ಜಾಸ್ತಿ ದುಡ್ಡು ಕೊಡುವ ಇನ್ನೊಂದು ಲೀಗ್‌ಗೆ ಹೋಗುವ ಪ್ರಶ್ನೆಯೇ ಬರುವುದಿಲ್ಲ. ಕಾಲೇಜು ಫುಟ್‌ಬಾಲ್ ಕೂಡ ಮೊದಲು ಹೆಚ್ಚುಕಮ್ಮಿ ಹಾಗೇ ಇತ್ತು. ಎನ್‌ಸಿಎಎ ಅನ್ನುವ ಒಂದೇ ಸಂಸ್ಥೆ ಟಿವಿ ಒಪ್ಪಂದ ಮಾಡುತ್ತಿತ್ತು, ಯಾವ ತಂಡ ಎಷ್ಟು ಸಲ ಟಿವಿಯಲ್ಲಿ ಬರಬಹುದು ಅನ್ನುವುದನ್ನೂ ಅದೇ ಹೇಳುತ್ತಿತ್ತು. ಒಕ್ಲಹೋಮಾ ಮತ್ತು ಜಾರ್ಜಿಯಾ ಯೂನಿವರ್ಸಿಟಿಗಳು ಕೋರ್ಟಿಗೆ ಹೋದವು. 1984ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 7–2 ಬಹುಮತದಲ್ಲಿ ಈ ಹಿಡಿತ ಕಾನೂನುಬಾಹಿರ ಅಂತ ತೀರ್ಪು ಕೊಟ್ಟಿತು. ಒಪ್ಪದ ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಬ್ಬರು ಬೈರನ್ ವೈಟ್, ಅವರು ಸ್ವತಃ ಕೊಲೊರಾಡೊ ಯೂನಿವರ್ಸಿಟಿಯ ಫುಟ್‌ಬಾಲ್ ತಾರೆಯಾಗಿದ್ದವರು. ಇಂಥ ವಿವರ ಬಿಡಬೇಡಿ. ಅವತ್ತಿನಿಂದ ಹಕ್ಕು ಕಾಲೇಜುಗಳ ಕೈಗೆ ಬಂತು, ಕಾಲೇಜುಗಳು ಕಾನ್ಫರೆನ್ಸ್ ಮೂಲಕ ಮಾರತೊಡಗಿದವು. ಅಲ್ಲಿಯವರೆಗೆ ಕಾನ್ಫರೆನ್ಸ್ ಅಂದರೆ ಅಕ್ಕಪಕ್ಕದ ಊರುಗಳ ಕಾಲೇಜುಗಳು ಸೇರಿ ಆಡುವ ಕೂಟ. ಆಮೇಲೆ ಅದು ಚಾನೆಲ್‌ಗಳ ಜೊತೆ ಚೌಕಾಸಿಗೆ ಕೂರುವ ಕಂಪನಿ ಆಯಿತು. ನಿಮ್ಮ ಲೇಖನ ಶುರುವಾಗಬೇಕಾದದ್ದು ಇಲ್ಲಿಂದ. ಈಗಿರುವ ಮೊದಲ ನಾಲ್ಕು ಪ್ಯಾರಾ, ಕ್ರೀಡೆಯ ಪಾವಿತ್ರ್ಯದ ಬಗ್ಗೆ ಇರುವವು, ಬೇಡ.

ಆಮೇಲೆ ಕೇಬಲ್ ಬಿಲ್. ಇದು ಅರ್ಥವಾದರೆ ಅರ್ಧ ಕಥೆ ಅರ್ಥವಾದ ಹಾಗೆ, ಆದ್ದರಿಂದ ಇಲ್ಲಿ ನಿಧಾನವಾಗಿ ಬರೆಯಿರಿ. ಬಿಗ್ ಟೆನ್ ಕಾನ್ಫರೆನ್ಸ್ 2007ರಲ್ಲಿ ಫಾಕ್ಸ್ ಟಿವಿ ಕಂಪನಿ ಜೊತೆ ಸೇರಿ ತನ್ನದೇ ಚಾನೆಲ್ ಶುರು ಮಾಡಿತು. ಆ ಚಾನೆಲ್‌ಗೆ ಕೇಬಲ್ ಕಂಪನಿಗಳು ಪ್ರತಿ ಮನೆಗೆ ತಿಂಗಳಿಗೆ ಇಷ್ಟು ಅಂತ ಕೊಡುತ್ತವೆ. ಕಾನ್ಫರೆನ್ಸ್‌ನ ಕಾಲೇಜು ಇರುವ ರಾಜ್ಯದಲ್ಲಿ ದರ ಜಾಸ್ತಿ, ಹೊರಗೆ ತೀರ ಕಮ್ಮಿ. ಆ ಮನೆಯವರು ಒಂದೇ ಒಂದು ಪಂದ್ಯ ನೋಡದಿದ್ದರೂ ದುಡ್ಡು ಬರುತ್ತದೆ. ಈಗ ಯೋಚನೆ ಮಾಡಿ, ರಟ್ಗರ್ಸ್ ಮತ್ತು ಮೇರಿಲ್ಯಾಂಡ್ ಕಾಲೇಜುಗಳು 2014ರಲ್ಲಿ ಬಿಗ್ ಟೆನ್‌ಗೆ ಯಾಕೆ ಬಂದವು? ರಟ್ಗರ್ಸ್ 1869ರಲ್ಲಿ ಮೊದಲ ಕಾಲೇಜು ಫುಟ್‌ಬಾಲ್ ಪಂದ್ಯ ಆಡಿದ ಕಾಲೇಜು ನಿಜ, ಆದರೆ ಇತ್ತೀಚೆಗೆ ದೊಡ್ಡ ತಂಡವೇನಲ್ಲ. ಆದರೆ ಅದು ಇರುವುದು ನ್ಯೂಜೆರ್ಸಿಯಲ್ಲಿ, ನ್ಯೂಯಾರ್ಕ್ ಪಕ್ಕದಲ್ಲಿ. ಮೇರಿಲ್ಯಾಂಡ್ ಇರುವುದು ವಾಷಿಂಗ್ಟನ್ ಡಿಸಿ ಪಕ್ಕದಲ್ಲಿ. ಲಕ್ಷಾಂತರ ಮನೆಗಳ ಕೇಬಲ್ ಬಿಲ್ ಒಂದೇ ಸಲ ಕಾನ್ಫರೆನ್ಸ್ ಒಳಗೆ ಬಂತು. ನೀವು ನ್ಯೂಜೆರ್ಸಿಯ ಎಡಿಸನ್‌ನಲ್ಲಿ ನೆಂಟರ ಮನೆಗೆ ಹೋಗಿದ್ದನ್ನು ಬೇರೆ ಕಡೆ ಬರೆದಿದ್ದೀರಲ್ಲ, ಆ ನೆಂಟರನ್ನು ಕೇಳಿ. ಫುಟ್‌ಬಾಲ್ ಗೊತ್ತಿಲ್ಲದ ಎಷ್ಟೋ ಕನ್ನಡಿಗರ ಮನೆಯಿಂದಲೂ ಈ ದುಡ್ಡು ಹೋಗಿದೆ ಅಂತ ಹೇಳಿದರೆ ನಮ್ಮ ಓದುಗರು ನೆಟ್ಟಗೆ ಕೂತು ಓದುತ್ತಾರೆ.

ಮುಂದೆ ಲೆಕ್ಕ ಬದಲಾಯಿತು. ಜನ ಕೇಬಲ್ ಬಿಡತೊಡಗಿದರು. ಆಗ ಎಷ್ಟು ಮನೆ ಅನ್ನುವುದಕ್ಕಿಂತ, ಪಂದ್ಯ ನಡೆಯುವ ಶನಿವಾರ ನಿಜವಾಗಿ ಕೂತು ನೋಡುವವರು ಎಷ್ಟು ಜನ ಅನ್ನುವುದು ಮುಖ್ಯವಾಯಿತು. ದೊಡ್ಡ ಹೆಸರುಗಳಿಗೆ ಬೆಲೆ ಏರಿತು. 2021ರಲ್ಲಿ ಟೆಕ್ಸಸ್ ಮತ್ತು ಒಕ್ಲಹೋಮಾ ಎಸ್‌ಇಸಿ ಅನ್ನುವ ದೊಡ್ಡ ಕಾನ್ಫರೆನ್ಸ್‌ಗೆ ಹೊರಟವು. 2022ರ ಜೂನ್ 30ರಂದು ಲಾಸ್ ಏಂಜಲಿಸ್‌ನ ಯುಎಸ್‌ಸಿ ಮತ್ತು ಯುಸಿಎಲ್‌ಎ ಕಾಲೇಜುಗಳು ಪ್ಯಾಕ್-12 ಬಿಟ್ಟು ಬಿಗ್ ಟೆನ್‌ಗೆ ಹೋಗುವುದಾಗಿ ಹೇಳಿದವು. ಸರಿಯಾಗಿ ಏಳು ವಾರಕ್ಕೆ ಬಿಗ್ ಟೆನ್ ಫಾಕ್ಸ್, ಸಿಬಿಎಸ್, ಎನ್‌ಬಿಸಿ ಮೂರೂ ಟಿವಿ ಕಂಪನಿಗಳ ಜೊತೆ ಏಳು ವರ್ಷಕ್ಕೆ 700 ಕೋಟಿ ಡಾಲರ್‌ಗೂ ಜಾಸ್ತಿ ಮೊತ್ತದ ಒಪ್ಪಂದ ಘೋಷಿಸಿತು. ನೀವು ಇವೆರಡನ್ನೂ ಬೇರೆ ಬೇರೆ ಪುಟದಲ್ಲಿ ಹೇಳಿದ್ದೀರಿ. ಒಟ್ಟಿಗೆ ಇಡಿ, ಅದಕ್ಕಿಂತ ಹೆಚ್ಚು ವಿವರಣೆ ಬೇಕಾಗಿಲ್ಲ.

ಈಗ ನಿಮ್ಮ ಕಾಲೇಜು. ಇದೇ ಲೇಖನದ ಜೀವ, ನೀವು ಅರ್ಧ ಪುಟದಲ್ಲಿ ಮುಗಿಸಿದ್ದೀರಿ. ನಾವು ಏನು ತಪ್ಪು ಮಾಡಿದೆವು ಅಂತ ಕೇಳಿ ಸುಮ್ಮನಾಗಿದ್ದೀರಿ. ಉತ್ತರ ಇದೆ, ಬರೆಯಿರಿ. ಆಟದಲ್ಲಿ ತಪ್ಪು ಮಾಡಿಲ್ಲ. 2022ರ ನವೆಂಬರ್‌ನಲ್ಲಿ ಒರೆಗಾನ್ ಸ್ಟೇಟ್ ಪಕ್ಕದ ಯೂಜೀನ್‌ನಲ್ಲಿರುವ ಒರೆಗಾನ್ ಯೂನಿವರ್ಸಿಟಿ ತಂಡವನ್ನು 38–34ರಿಂದ ಸೋಲಿಸಿತು. ಆ ಸೀಸನ್‌ನಲ್ಲಿ ಹತ್ತು ಪಂದ್ಯ ಗೆದ್ದಿತು, ಲಾಸ್ ವೇಗಸ್‌ನಲ್ಲಿ ಫ್ಲೋರಿಡಾವನ್ನು 30–3ರಿಂದ ಮಣಿಸಿತು. ಒಂದು ವರ್ಷವೂ ಕಳೆದಿರಲಿಲ್ಲ, 2023ರ ಆಗಸ್ಟ್ 4ರಂದು ಬಿಗ್ ಟೆನ್‌ಗೆ ಕರೆ ಬಂದದ್ದು ಒರೆಗಾನ್‌ಗೆ. ಗೆದ್ದವರು ಹಿಂದೆ ಉಳಿದರು. ಕೊರ್ವಾಲಿಸ್ ಸಣ್ಣ ಊರು, ವಾಷಿಂಗ್ಟನ್ ಸ್ಟೇಟ್ ಇರುವ ಪುಲ್‌ಮನ್ ಇನ್ನೂ ಸಣ್ಣದು. ದೇಶದುದ್ದಕ್ಕೂ ನೋಡುವವರು ಕಮ್ಮಿ. ಅಷ್ಟೇ ಕಾರಣ. ಇನ್ನೊಂದು ವಿಷಯ ನೀವು ಬರೆದೇ ಇಲ್ಲ. 1915ರಲ್ಲಿ ಈ ಕಾನ್ಫರೆನ್ಸ್‌ನ ಮೂಲ ಕೂಟವನ್ನು ಶುರು ಮಾಡಿದ ನಾಲ್ಕು ಕಾಲೇಜುಗಳಲ್ಲಿ ನಿಮ್ಮದೂ ಒಂದು!

ಆ ಆಗಸ್ಟ್‌ಗೆ ಮುಂಚಿನ ವರ್ಷದಲ್ಲಿ ಏನಾಯಿತು ಅನ್ನುವುದೂ ಬೇಕು. ಪ್ಯಾಕ್-12ರ ಟಿವಿ ಒಪ್ಪಂದ 2024ರಲ್ಲಿ ಮುಗಿಯುವುದಿತ್ತು. ಬಿಗ್ 12 ಅನ್ನುವ ಇನ್ನೊಂದು ಕಾನ್ಫರೆನ್ಸ್‌ನ ಒಪ್ಪಂದ ಅದಕ್ಕಿಂತ ಒಂದು ವರ್ಷ ಆಮೇಲೆ ಮುಗಿಯಬೇಕಿತ್ತು, ಆದರೂ ಬಿಗ್ 12 ಸರದಿ ದಾಟಿ ಮುಂದೆ ಬಂದು 2022ರ ಅಕ್ಟೋಬರ್‌ನಲ್ಲೇ ಇಎಸ್‌ಪಿಎನ್ ಮತ್ತು ಫಾಕ್ಸ್ ಜೊತೆ ಸಹಿ ಹಾಕಿತು, ಕಾಲೇಜಿಗೆ ವರ್ಷಕ್ಕೆ ಸರಾಸರಿ 3.17 ಕೋಟಿ ಡಾಲರ್ ಲೆಕ್ಕದಲ್ಲಿ. ಚಾನೆಲ್‌ಗಳ ಜೇಬಿನಲ್ಲಿ ಉಳಿದಿದ್ದು ಕಮ್ಮಿ. ಪ್ಯಾಕ್-12 ಕಾಯುತ್ತಾ ಕೂತು, ಕೊನೆಗೆ ಕೈಗೆ ಬಂದದ್ದು ಆಪಲ್‌ನ ಸ್ಟ್ರೀಮಿಂಗ್ ಪ್ರಸ್ತಾಪ. ಚಂದಾದಾರರು ಹೆಚ್ಚಿದರೆ ದುಡ್ಡು ಹೆಚ್ಚು, ಇಲ್ಲದಿದ್ದರೆ ಬಿಗ್ 12ಗಿಂತಲೂ ಕಮ್ಮಿ. ಕೊಲೊರಾಡೊ ಜುಲೈನಲ್ಲೇ ಹೊರಟಿತ್ತು. ಒರೆಗಾನ್ ಮತ್ತು ವಾಷಿಂಗ್ಟನ್ ಯೂನಿವರ್ಸಿಟಿಗಳು ಬಿಗ್ ಟೆನ್‌ಗೆ ಹೋದ ದಿನವೇ ಅರಿಜೋನಾ, ಅರಿಜೋನಾ ಸ್ಟೇಟ್, ಯೂಟಾ ಬಿಗ್ 12ಗೆ ಹೋದವು. ಸೆಪ್ಟೆಂಬರ್‌ನಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ, ಪೆಸಿಫಿಕ್ ಕಡಲ ತಡಿಯ ಕಾಲೇಜುಗಳು, ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ ಸೇರಿದವು, ಅದೂ ಟಿವಿ ದುಡ್ಡಿನ ಪೂರ್ತಿ ಪಾಲು ಇಲ್ಲದೆ. ಬೇ ಏರಿಯಾದಲ್ಲಿ ಈ ಎರಡು ಕಾಲೇಜುಗಳಲ್ಲಿ ಓದಿದ ಕನ್ನಡಿಗರು ಬೇಕಾದಷ್ಟು ಇದ್ದಾರೆ, ಅವರಿಗೂ ಈ ಲೇಖನ ಮುಟ್ಟಬೇಕು ಅನ್ನುವುದು ನನ್ನ ಆಸೆ.

ಆಡಳಿತದವರನ್ನು ಬೈಯುವುದು ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಅವರ ಲೆಕ್ಕವನ್ನೂ ತೋರಿಸಿ ಬೈಯಿರಿ. ಯುಸಿಎಲ್‌ಎ ಕ್ರೀಡಾ ವಿಭಾಗದ ಮೂರು ವರ್ಷದ ಕೊರತೆ 10 ಕೋಟಿ ಡಾಲರ್ ದಾಟಿತ್ತು. ಈಜು, ಜಿಮ್ನಾಸ್ಟಿಕ್ಸ್, ವಾಲಿಬಾಲ್ ಎಲ್ಲಕ್ಕೂ ಖರ್ಚು ಬರುವುದು ಬಹುಪಾಲು ಫುಟ್‌ಬಾಲ್ ದುಡ್ಡಿನಿಂದ. ಇದು ಒಂದು ಕಡೆ. ಇನ್ನೊಂದು ಕಡೆ, 2023ರ ನವೆಂಬರ್‌ನಲ್ಲಿ ಟೆಕ್ಸಸ್ ಎ ಆ್ಯಂಡ್ ಎಂ ತನ್ನ ಕೋಚ್ ಜಿಂಬೊ ಫಿಶರ್ ಅವರನ್ನು ತೆಗೆದುಹಾಕಿತು, ಒಪ್ಪಂದದ ಪ್ರಕಾರ ಅವರಿಗೆ ಕೊಡಬೇಕಾದದ್ದು 7.5 ಕೋಟಿ ಡಾಲರ್‌ಗೂ ಜಾಸ್ತಿ. ಆಟಗಾರರಿಗೆ ಕಾಲೇಜು ನೇರವಾಗಿ ಪಾಲು ಕೊಡಬಹುದು ಅಂತ ಆದದ್ದು 2025ರಲ್ಲಿ ಮಾತ್ರ. ನಿಮ್ಮ ಸಿಟ್ಟಿಗೆ ಇಲ್ಲಿ ಜಾಗ ಇದೆ, ಕ್ರೀಡೆಯ ಪಾವಿತ್ರ್ಯದ ಮಾತಿನಲ್ಲಿ ಇಲ್ಲ.

ವಾಲಿಬಾಲ್ ಆಡುವ ನಿಮ್ಮ ಗೆಳತಿಯ ಬಗ್ಗೆ ಎರಡೇ ಸಾಲು ಬರೆದಿದ್ದೀರಿ. ನನಗೆ ಇಡೀ ಲೇಖನದಲ್ಲಿ ಅವೇ ಅತ್ಯಂತ ಚೆನ್ನಾಗಿ ಕಂಡವು. ಫುಟ್‌ಬಾಲ್ ತಂಡ ವಾರಕ್ಕೊಂದು ಪಂದ್ಯ ಆಡುತ್ತದೆ, ಹೋಗಿ ಬರಬಹುದು. ವಾಲಿಬಾಲ್, ಸಾಫ್ಟ್‌ಬಾಲ್ ಹುಡುಗಿಯರು ವಾರಕ್ಕೆ ಎರಡು ಮೂರು ಆಡಬೇಕು. ಲಾಸ್ ಏಂಜಲಿಸ್‌ನಿಂದ ನ್ಯೂಜೆರ್ಸಿಗೆ ಸುಮಾರು 4,000 ಕಿ.ಮೀ., ಮೂರು ಗಂಟೆಯ ಸಮಯ ವ್ಯತ್ಯಾಸ, ಜೊತೆಗೆ ಪರೀಕ್ಷೆ. ಟಿವಿ ಒಪ್ಪಂದ ಮಾಡುವಾಗ ಇವರನ್ನು ಯಾರೂ ಕೇಳಿಲ್ಲ. ಆ ಗೆಳತಿಯ ಜೊತೆ ಕೂತು ಮಾತಾಡಿ, ಬೇರೆ ಕಾಲೇಜಿಗೆ ಹೋದ ಅವರ ಹಳೆಯ ಎದುರಾಳಿಗಳ ಜೊತೆಗೂ ಮಾತಾಡಿಸಲು ಆಗುತ್ತದಾ ನೋಡಿ. ಹೆಸರು ಬೇಡ ಅಂದರೆ ಬೇಡ. ಎಷ್ಟು ಗಂಟೆಗೆ ಎದ್ದರು, ಎಲ್ಲಿ ವಿಮಾನ ಬದಲಿಸಿದರು, ಯಾವ ತರಗತಿ ತಪ್ಪಿತು, ಅಂಥದ್ದು ಬರೆದುಕೊಂಡು ಬನ್ನಿ.

ಸಣ್ಣಪುಟ್ಟವು: ಇದು ಹೆಲ್ಮೆಟ್ ಹಾಕಿ ಆಡುವ ಅಮೆರಿಕನ್ ಫುಟ್‌ಬಾಲ್ ಅಂತ ಮೊದಲೇ ಒಂದು ಸಾಲಲ್ಲಿ ಹೇಳಿ, ನಿಯಮಗಳ ಪಾಠ ಬೇಡ. ಮಿಲಿಯನ್, ಬಿಲಿಯನ್ ಎಲ್ಲ ಕೋಟಿಗೆ ತನ್ನಿ. 2026ರಿಂದ ಬಾಯ್ಸಿ ಸ್ಟೇಟ್, ಫ್ರೆಸ್ನೊ ಸ್ಟೇಟ್ ಮುಂತಾದವನ್ನು ಸೇರಿಸಿಕೊಂಡು ನಿಮ್ಮ ಕಾಲೇಜು ಪ್ಯಾಕ್-12 ಅನ್ನು ಮತ್ತೆ ಕಟ್ಟಿದ್ದನ್ನು ಕೊನೆಗೆ ಸೇರಿಸಿ, ಆದರೆ ಸಂತೋಷದ ಮುಕ್ತಾಯ ಮಾಡಲು ಹೋಗಬೇಡಿ. ಆ ಹೊಸ ತಂಡಗಳಲ್ಲಿ ಹೆಚ್ಚಿನವು ಬಂದದ್ದು ಮೌಂಟನ್ ವೆಸ್ಟ್ ಅನ್ನುವ ಇನ್ನೊಂದು ಕಾನ್ಫರೆನ್ಸ್‌ನಿಂದ. ಅಲ್ಲಿ ಉಳಿದವರ ಕಥೆ ಈಗ ನಿಮ್ಮದರ ಹಾಗೇ ಇದೆ, ಅವರಲ್ಲಿ ಒಬ್ಬರನ್ನಾದರೂ ಮಾತಾಡಿಸಿ.

ಎರಡು ಸಾವಿರ ಪದ ದಾಟದಿದ್ದರೆ ಒಳ್ಳೆಯದು. ತಿದ್ದಿದ ಮೇಲೆ ನೇರವಾಗಿ ನನಗೇ ಕಳಿಸಿ.