40ನೇ ವಾರ್ಷಿಕೋತ್ಸವಕ್ಕೆ ಯಾವ ಹಾಡು: ಮದುವೆಗೆ ಮುಂಚಿನದೋ, ಆಮೇಲಿನದೋ?

ನಮಸ್ಕಾರ. ಪ್ರಶ್ನೆ ಕೇಳಿದವರು ಕೊಟ್ಟ ವಿವರ ಇಷ್ಟು. ಅಪ್ಪ ಅಮ್ಮನ ಮದುವೆ ಆಗಿದ್ದು 1985ರಲ್ಲಿ, ಈಗ 40 ವರ್ಷದ ಸಮಾರಂಭ. ಜೆ.ಪಿ. ನಗರದ ಅಪಾರ್ಟ್‌ಮೆಂಟಿನ ಪಾರ್ಟಿ ಹಾಲ್, ಸುಮಾರು 60 ಜನ ನೆಂಟರು. ಆರ್ಕೆಸ್ಟ್ರಾ ಬೇಡ, ಮನೆಯವರೇ ಕರೋಕೆ ಹಾಕಿಕೊಂಡು ಹಾಡಬೇಕು. ಇದಕ್ಕೆ ಬಂದ ಉತ್ತರಗಳಲ್ಲಿ ಅರ್ಧ ಜನ ‘ಎಂದೆಂದೂ ನಿನ್ನನು ಮರೆತು’ ಪಕ್ಷ, ಇನ್ನರ್ಧ ‘ಅನಿಸುತಿದೆ ಯಾಕೋ ಇಂದು’ ಪಕ್ಷ. ಜಗಳ ಜೋರಾಗೇ ನಡೆದಿದೆ. ನಾನು ಸ್ವಲ್ಪ ಬೇರೆ ಕಡೆಯಿಂದ ಹೇಳುತ್ತೇನೆ. ಉದ್ದ ಆಗುತ್ತದೆ, ಕಾಫಿ ಇಟ್ಟುಕೊಂಡು ಓದಿ.

ಮೊದಲು ‘ಅನಿಸುತಿದೆ’ ವಿಷಯ. ‘ಮುಂಗಾರು ಮಳೆ’ ಬಂದಿದ್ದು 2006ರ ಕೊನೆಯಲ್ಲಿ. ಜಯಂತ ಕಾಯ್ಕಿಣಿಯವರ ಸಾಹಿತ್ಯ, ಮನೋಮೂರ್ತಿ ಸಂಗೀತ, ಸೋನು ನಿಗಮ್ ದನಿ. ಹಾಡಿನ ಬಗ್ಗೆ ಎರಡು ಮಾತಿಲ್ಲ. ಆದರೆ ಒಮ್ಮೆ ಅರ್ಥ ನೋಡಿ. ನೀನು ನನ್ನವಳು ಅಂತ ಇವತ್ತು ಯಾಕೋ ಅನಿಸುತ್ತಿದೆಯಂತೆ. 40 ವರ್ಷ ಒಂದೇ ಮನೆಯಲ್ಲಿ ಬಾಳಿದ ಮೇಲೆ ಇವತ್ತು ಅನಿಸಿತೇ? ನಿಮ್ಮಮ್ಮ ಪಕ್ಕದಲ್ಲೇ ಕೂತು ಕೇಳಿಬಿಟ್ಟರೆ ಅಪ್ಪ ಏನು ಹೇಳಬೇಕು? ಜೊತೆಗೆ ಆ ಸಿನಿಮಾದಲ್ಲಿ ನಾಯಕನಿಗೆ ಹುಡುಗಿ ಸಿಗುವುದೇ ಇಲ್ಲ.

ತಮಾಷೆ ಬಿಡಿ, ನನ್ನ ಮಾತು ಇಲ್ಲೇ ಇದೆ. ನಮ್ಮ ಸಿನಿಮಾ ಪ್ರೇಮಗೀತೆಗಳಲ್ಲಿ ಜಾಸ್ತಿ ಪಾಲು ಮದುವೆಗೆ ಮುಂಚಿನವು. ನೋಡಿದ್ದು, ಮೆಚ್ಚಿದ್ದು, ಕಾದಿದ್ದು, ಅಗಲಿದ್ದು. ವಾರ್ಷಿಕೋತ್ಸವಕ್ಕೆ ಬೇಕಾಗಿರುವುದು ಮದುವೆ ಆದಮೇಲಿನ ಹಾಡು. ಅದನ್ನು ಹುಡುಕಿದರೆ ಕೈಗೆ ಮೊದಲು ಸಿಗುವವರು ಕೆ.ಎಸ್. ನರಸಿಂಹಸ್ವಾಮಿ. ‘ಮೈಸೂರ ಮಲ್ಲಿಗೆ’ 1942ರ ಪುಸ್ತಕ. ಅದರಲ್ಲಿ ಪ್ರೇಮಿಗಳು ಅಂದರೆ ಗಂಡ ಹೆಂಡತಿ. ಮಾವನ ಮನೆ, ತವರು, ಬಳೆಗಾರ, ಇವೆಲ್ಲದರ ನಡುವೆ ನಡೆಯುವ ಪ್ರೀತಿ ಅದು.

ನನ್ನ ಮೊದಲ ಆಯ್ಕೆ ‘ಒಂದಿರುಳು ಕನಸಿನಲಿ’. ಗಂಡ ಕನಸಿನಲ್ಲಿ ಹೆಂಡತಿಯನ್ನು ಕೇಳುತ್ತಾನೆ, ನಿನಗೆ ಯಾವ ಊರು ಚಂದ, ನಮ್ಮೂರೋ ನಿಮ್ಮೂರೋ ಅಂತ. ಎಲ್ಲ ಮನೆಯಲ್ಲೂ ಇರುವ ಜಗಳ ಅಲ್ವಾ ಇದು? ನಿಮ್ಮಪ್ಪನ ಊರು ಒಂದು ಕಡೆ, ಅಮ್ಮನ ತವರು ಇನ್ನೊಂದು ಕಡೆ ಅಂತಿದ್ದರೆ ಹಾಡುವ ಮೊದಲು ಆ ಎರಡು ಊರಿನ ಹೆಸರು ಹೇಳಿ ಶುರುಮಾಡಿ. ಎರಡೂ ಕಡೆಯ ನೆಂಟರು ಎದ್ದು ಕೂರುತ್ತಾರೆ. ನಮ್ಮ ಅತ್ತೆ ಮಾವನ 50ನೇ ವರ್ಷಕ್ಕೆ ಇದನ್ನೇ ಮಾಡಿದ್ದೆವು. ಹಾಡು ಮುಗಿದ ಮೇಲೂ ಊಟದ ಸಾಲಿನಲ್ಲಿ ಯಾರ ಊರು ಮೇಲು ಅನ್ನುವ ವಾದ ನಿಂತಿರಲಿಲ್ಲ.

‘ರಾಯರು ಬಂದರು ಮಾವನ ಮನೆಗೆ’ ಎಲ್ಲರಿಗೂ ಬಾಯಿಗೆ ಬರುತ್ತದೆ, ಕೋರಸ್‌ಗೆ ಒಳ್ಳೆಯದು. ‘ಪದುಮಳು ಒಳಗಿಲ್ಲ’ (ಮುಟ್ಟಾಗಿ ಹೊರಗಿದ್ದಾಳೆ ಅನ್ನುವ ಸೂಚನೆ) ಅನ್ನುವ ಜಾಗದಲ್ಲಿ ವಯಸ್ಸಾದವರು ಮುಸಿಮುಸಿ ನಗುತ್ತಾರೆ, ಮಕ್ಕಳು ಯಾಕೆ ಅಂತ ಕೇಳುತ್ತಾರೆ. ಉತ್ತರ ರೆಡಿ ಇಟ್ಟುಕೊಂಡಿರಿ. ಅಪ್ಪ ಒಬ್ಬರೇ ಹಾಡುವುದಾದರೆ ‘ನಿನ್ನೊಲುಮೆಯಿಂದಲೇ’. ಅಮ್ಮ ಒಬ್ಬರೇ ಹಾಡುವುದಾದರೆ ‘ತೌರ ಸುಖದೊಳಗೆನ್ನ’. ತವರಿಗೆ ಹೋದ ಹೆಂಡತಿ ಗಂಡನಿಗೆ ಹೇಳುವ ಮಾತು ಅದು. ಈ ಕಾಲದ ಹೆಣ್ಣುಮಕ್ಕಳು ತವರಿಂದ ದಿನಕ್ಕೆ ಮೂರು ಸಲ ವಿಡಿಯೊ ಕಾಲ್ ಮಾಡುತ್ತಾರೆ, ಅವರಿಗೆ ಅದರ ಬಿಸಿ ತಟ್ಟಲಿಕ್ಕಿಲ್ಲ. 1985ರಲ್ಲಿ ಮದುವೆಯಾದವರಿಗೆ ತಟ್ಟುತ್ತದೆ.

ಬೇಂದ್ರೆಯವರದು ಒಂದು ಸೇರಿಸಿ: ‘ನಾನು ಬಡವಿ ಆತ ಬಡವ’. ಬಡತನದಲ್ಲಿ ಸಂಸಾರ ಕಟ್ಟಿದವರ ಮುಂದೆ ಇದನ್ನು ಹಾಡಿದರೆ ಬೇರೆ ಭಾಷಣ ಬೇಕಿಲ್ಲ. ಕರೋಕೆ ಟ್ರ್ಯಾಕ್ ಸಿಗದಿದ್ದರೂ ಚಿಂತೆ ಬೇಡ, ಮೊಬೈಲಿನಲ್ಲಿ ತಂಬೂರ ಶ್ರುತಿ ಹಾಕಿಕೊಂಡು ಹಾಡಬಹುದು. ಸುಮ್ನೆ ಹಾಗೇ ಹಾಡಿದರೇ ಇದು ಚೆನ್ನ.

ಇಲ್ಲೇ ಒಂದು ಎಚ್ಚರಿಕೆ. ಮೇಲೆ ಒಬ್ಬರು ‘ನೀ ಹೀಂಗ ನೋಡಬ್ಯಾಡ ನನ್ನ’ ಹಾಡಿ, ರೊಮ್ಯಾಂಟಿಕ್ ಆಗಿರುತ್ತೆ ಅಂತ ಬರೆದಿದ್ದಾರೆ. ದಯವಿಟ್ಟು ಬೇಡ. ಅದು ಮಗು ತೀರಿಕೊಂಡಾಗ ಹೆಂಡತಿಯ ಕಣ್ಣನ್ನು ಎದುರಿಸಲಾಗದ ಗಂಡನ ಸಂಕಟ. ಬೇಂದ್ರೆಯವರು ತಮ್ಮದೇ ಮಗುವನ್ನು ಕಳೆದುಕೊಂಡು ಬರೆದದ್ದು. ಶುಭ ಸಮಾರಂಭದಲ್ಲಿ ಇದನ್ನು ಹಾಡುವುದನ್ನು ನಾನೇ ಎರಡು ಸಲ ಕೇಳಿದ್ದೇನೆ, ಎರಡು ಸಲವೂ ಯಾರೋ ಒಬ್ಬರು ಎದ್ದು ಹೊರಗೆ ಹೋದರು.

ಬೇರೆಯವರ ತಪ್ಪು ಹೇಳಿದ ಮೇಲೆ ನನ್ನದೂ ಹೇಳಬೇಕು. ನಮ್ಮಕ್ಕ ಭಾವನ 25ನೇ ವರ್ಷಕ್ಕೆ ನಾನು ಎಚ್.ಎಸ್. ವೆಂಕಟೇಶಮೂರ್ತಿಯವರ ‘ಇಷ್ಟು ಕಾಲ ಒಟ್ಟಿಗಿದ್ದು’ ಹಾಡಿದೆ. ಕ್ಲಾಸಿನಲ್ಲಿ ಹೊಸದಾಗಿ ಕಲಿತಿದ್ದೆ, ರಾಗ ಕೈಗೆ ಬಂದಿತ್ತು, ಮೊದಲ ಸಾಲು ವಾರ್ಷಿಕೋತ್ಸವಕ್ಕೆ ಹೇಳಿ ಬರೆಸಿದ ಹಾಗಿದೆ ಅನಿಸಿತ್ತು. ಎರಡನೇ ಸಾಲು ಬಾಯಿಂದ ಬಂದಾಗಲೇ ನನಗೆ ಗೊತ್ತಾಗಿದ್ದು. ಇಷ್ಟು ವರ್ಷ ಬೆರೆತರೂ ಒಬ್ಬರ ಒಳಗನ್ನು ಒಬ್ಬರು ಅರಿತೆವಾ ಅಂತ ಕೇಳುವ ಕವಿತೆ ಅದು. ಭಾವ ಪಾಯಸದ ಲೋಟ ನೋಡುತ್ತಾ ಕೂತರು. ಅಕ್ಕ ಮಾತ್ರ ನಕ್ಕು, ‘ಸರಿಯಾಗೇ ಕೇಳಿದೀಯ ಬಿಡು’ ಅಂದಳು. ದೊಡ್ಡ ಕವಿತೆ, ಆದರೆ 60 ಜನರ ಮುಂದೆ ಬೇಡ. ಅದನ್ನು ಗಂಡ ಹೆಂಡತಿ ಇಬ್ಬರೇ ಇರುವಾಗ ಕೇಳಿಕೊಳ್ಳಲಿ.

ಹಾಗಂತ ಸಿನಿಮಾ ಹಾಡು ಬಿಡಬೇಕು ಅಂತಲ್ಲ. ಬಿಟ್ಟರೆ ನೆಂಟರು ಸುಮ್ಮನಿರುವುದೂ ಇಲ್ಲ. ಸಿನಿಮಾದಲ್ಲಿ ನನ್ನ ಪಟ್ಟಿಯ ತುದಿಯಲ್ಲಿರುವುದು 1978ರ ‘ಹೊಂಬಿಸಿಲು’ ಚಿತ್ರದ ‘ನೀರ ಬಿಟ್ಟು ನೆಲದ ಮೇಲೆ ದೋಣಿ ಸಾಗದು’. ದೋಣಿಗೆ ನೀರು ಬೇಕು, ಬಂಡಿಗೆ ನೆಲ ಬೇಕು, ಅಷ್ಟೇ ವಿಷಯ. ಸಂಸಾರ ಮಾಡಿದವರಿಗೆ ಈ ಲೆಕ್ಕ ಬೇಗ ಅರ್ಥ ಆಗುತ್ತದೆ. ರಾಜನ್-ನಾಗೇಂದ್ರ ಸಂಗೀತ. ಅದೇ ಚಿತ್ರದ ‘ಜೀವ ವೀಣೆ’ ಇದಕ್ಕಿಂತ ಹೆಸರಾದ ಹಾಡು, ಆದರೆ ಎಸ್‌ಪಿಬಿ, ಜಾನಕಿಯಮ್ಮ ಹಾಡಿದ ಆ ಓಟ ನಮ್ಮಂಥವರಿಗೆ ಸುಲಭಕ್ಕೆ ಬಗ್ಗುವುದಿಲ್ಲ.

‘ಎಂದೆಂದೂ ನಿನ್ನನು ಮರೆತು’ ಪಕ್ಷದವರಿಗೆ ನನ್ನ ಅರ್ಧ ಓಟು ಇದೆ. 1974ರ ‘ಎರಡು ಕನಸು’, ಇದೂ ರಾಜನ್-ನಾಗೇಂದ್ರ ಅವರದೇ. ಪಿ.ಬಿ. ಶ್ರೀನಿವಾಸ್ ಒಂದು ಸಾಲು, ವಾಣಿ ಜಯರಾಂ ಒಂದು ಸಾಲು. ಗಂಡ ಹೆಂಡತಿ ಪಾಳಿಯಂತೆ ಹಾಡಬಹುದು. ಪಲ್ಲವಿಯ ಸಾಲುಗಳು ‘ಲಾರೆ’, ‘ಲಾರೆ’ ಅಂತ ಮುಗಿಯುವುದರಿಂದ ಕೂತವರೂ ಸೇರಿಕೊಳ್ಳುತ್ತಾರೆ. ಉಳಿದರ್ಧ ಓಟು ಯಾಕಿಲ್ಲ ಅಂದರೆ ಎಲ್ಲ ಸಮಾರಂಭದಲ್ಲೂ ಇದನ್ನೇ ಕೇಳಿ ಕೇಳಿ ಸಾಕಾಗಿದೆ. ಇದು ನನ್ನ ತಕರಾರು, ಹಾಡಿನದಲ್ಲ.

ಹಾಡಲು ಬಾರದ ಗಂಡಂದಿರಿಗೆ ‘ಆಕಾಶವೇ ಬೀಳಲಿ ಮೇಲೆ’ ದೊಡ್ಡ ಉಪಕಾರ. 1971ರ ‘ನ್ಯಾಯವೇ ದೇವರು’, ಪಿ.ಬಿ.ಎಸ್. ದನಿ, ಚಿ. ಉದಯಶಂಕರ್ ಸಾಹಿತ್ಯ. ನಿಧಾನದ ಹಾಡು, ಕೂಗುವ ಕೆಲಸ ಇಲ್ಲ. ಕೈಬಿಡೆನು ಅಂತ ಕೊಟ್ಟ ಮಾತನ್ನು 40 ವರ್ಷ ನಡೆಸಿಕೊಂಡವರು ಹಾಡಿದಾಗ ಅದರ ತೂಕವೇ ಬೇರೆ. ನಮ್ಮನೆಯವರು ಬಾತ್‌ರೂಮಿನಲ್ಲೂ ತಾಳ ತಪ್ಪುವ ಗಾಯಕರು. ಅವರೇ ಇದನ್ನು ಒಮ್ಮೆ ಪೂರ್ತಿ ಹಾಡಿ ಮುಗಿಸಿದ್ದಾರೆ ಅಂದರೆ ಲೆಕ್ಕ ಹಾಕಿಕೊಳ್ಳಿ.

ಇಳಯರಾಜ ಅವರ ಎರಡು ಹಾಡು ಹೋಲಿಸಲೇಬೇಕು. ‘ಗೀತಾ’ ಚಿತ್ರದ ‘ಜೊತೆಯಲಿ ಜೊತೆ ಜೊತೆಯಲಿ’ 1981ರದು, ‘ಪಲ್ಲವಿ ಅನುಪಲ್ಲವಿ’ಯ ‘ನಗುವಾ ನಯನ’ 1983ರದು. ಎರಡೂ ಎಸ್‌ಪಿಬಿ-ಜಾನಕಿ. ಎರಡೂ ನಿಮ್ಮಪ್ಪ ಅಮ್ಮನ ಮದುವೆಯ ಹೊತ್ತಿಗೆ ರೇಡಿಯೊದಲ್ಲಿ ಬರುತ್ತಿದ್ದವು. ಕೇಳಲು ‘ನಗುವಾ ನಯನ’ ಒಂದು ಕೈ ಮೇಲು ಅಂತ ನಾನೂ ಒಪ್ಪುತ್ತೇನೆ. ಹಾಡಲು ಮಾತ್ರ ‘ಜೊತೆಯಲಿ’ ಆರಿಸಿಕೊಳ್ಳಿ. ‘ನಗುವಾ ನಯನ’ದಲ್ಲಿ ಎಳೆತ ಉದ್ದ, ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಅಂತ ಗೊತ್ತಿಲ್ಲದಿದ್ದರೆ ಸಾಲಿನ ಕೊನೆ ನುಂಗಿಹೋಗುತ್ತದೆ. ಅದನ್ನು ಊಟದ ಹೊತ್ತಿಗೆ ಮೂಲ ಹಾಡೇ ಹಾಕಿಬಿಡಿ. ‘ಜೊತೆಯಲಿ’ಗೆ ಕೈತಟ್ಟಿದರೆ ಸಾಕು, ಹಾಲ್ ನಡೆಸಿಕೊಂಡು ಹೋಗುತ್ತದೆ.

ತಮಾಷೆಗೆ ಒಂದು ಬೇಕು ಅಂದರೆ ‘ನನ್ನ ನೀನು ಗೆಲ್ಲಲಾರೆ’, ಅಣ್ಣಾವ್ರು ಮತ್ತು ಜಾನಕಿಯಮ್ಮ. ಇದನ್ನು ಅಪ್ಪ ಅಮ್ಮ ಹಾಡುವುದಕ್ಕಿಂತ ಸೋದರಮಾವ-ಅತ್ತೆ ಜೋಡಿ ಯಾರಾದರೂ ಎದ್ದು ಅಭಿನಯ ಮಾಡಿದರೆ ಮಜಾ.

ಮೊಮ್ಮಕ್ಕಳು ಹೊಸದು ಬೇಕು ಅನ್ನುತ್ತಾರೆ. ‘ಮಿಲನ’ದ ‘ನಿನ್ನಿಂದಲೇ’ ಕೊಡಿ. ಸಿನಿಮಾದಲ್ಲಿ ಮದುವೆಯಾದ ರಾತ್ರಿಯೇ ಹೆಂಡತಿ ಡಿವೋರ್ಸ್ ಕೇಳುತ್ತಾಳೆ, ನಿಜ. ಕೊನೆಗೆ ಇಬ್ಬರೂ ಒಂದಾಗುತ್ತಾರಲ್ಲ. ಪುನೀತ್ ನೆನಪೂ ಆಗುತ್ತದೆ. ಕುಣಿಯುವವರಿಗೆ ‘ಕಾಂತಾರ’ದ ‘ಸಿಂಗಾರ ಸಿರಿಯೇ’. ಅಲ್ಲಿಗೆ ಸಾಕು. ‘ಒಲವಿನ ಉಡುಗೊರೆ ಕೊಡಲೇನು’ ಮಾತ್ರ ಬೇಡ. ಹೆಸರು ಉಡುಗೊರೆ ಅಂತಿದೆ, ಮುಂದಿನ ಸಾಲಿನಲ್ಲೇ ರಕ್ತ ಬರುತ್ತದೆ.

ಈಗ ಹಾಡುವ ವಿಷಯ. ಯುಗಳಗೀತೆಯ ದೊಡ್ಡ ತೊಂದರೆ ಶ್ರುತಿ. ಎಸ್‌ಪಿಬಿ ಹಾಡಿದ ಎತ್ತರ ಅಪ್ಪನಿಗೆ ಆಗುವುದಿಲ್ಲ ಅಂತ ಟ್ರ್ಯಾಕನ್ನು ಕೆಳಗಿಳಿಸುತ್ತೀರಿ. ಆಗ ಅಮ್ಮನ ಸಾಲು ತೀರಾ ಮಂದ್ರಕ್ಕೆ ಬಿದ್ದು ದನಿಯೇ ಹೊರಡುವುದಿಲ್ಲ. ಎರಡು ಮನೆ (ಹಾರ್ಮೋನಿಯಂನ ಎರಡು ಕೀಯಷ್ಟು) ಇಳಿಸಿ ನೋಡಿ, ಹೆಚ್ಚೆಂದರೆ ಮೂರು. ಅದಕ್ಕಿಂತ ಇಳಿಸಿದರೆ ವಾದ್ಯಗಳ ದನಿಯೂ ಕೆಡುತ್ತದೆ. ಆಗಲೂ ಹೊಂದದಿದ್ದರೆ ಆ ಹಾಡು ಬಿಟ್ಟು ಬೇರೆ ಆರಿಸಿ. ಒಂದು ವಾರ ಮೊದಲೇ ಇಬ್ಬರನ್ನೂ ಕೂರಿಸಿ ಒಮ್ಮೆ ಹಾಡಿಸಿ ನೋಡಿ. ಅವತ್ತೇ ಗುಟ್ಟು ರಟ್ಟಾಗುತ್ತದೆ, ಪರವಾಗಿಲ್ಲ.

ಸಾಹಿತ್ಯ ಟಿವಿಯಲ್ಲಿ, ದನಿ ಬ್ಲೂಟೂತ್ ಸ್ಪೀಕರಿನಲ್ಲಿ ಅಂತ ಮಾಡಬೇಡಿ. ಬ್ಲೂಟೂತಿನಲ್ಲಿ ದನಿ ಒಂದು ಚೂರು ತಡವಾಗಿ ಬರುತ್ತದೆ. ಪರದೆ ನೋಡಿ ಹಾಡುವವರು ಮುಂದೆ ಓಡುತ್ತಾರೆ, ತಾಳ ಹಿಂದೆ ಉಳಿಯುತ್ತದೆ. ವೈರ್ ಹಾಕಿ. ಸ್ಪೀಕರ್ ಹಾಡುವವರ ಮುಂದೆ, ಜನರ ಕಡೆ ಮುಖ ಮಾಡಿರಲಿ. ಹಿಂದೆ ಇಟ್ಟರೆ ಮೈಕ್ ಕುಯ್ಯೋ ಅನ್ನುತ್ತದೆ. ಅಮ್ಮನಿಗೆ ಪರದೆ ಓದಲು ಕಷ್ಟ ಆದರೆ ದಪ್ಪ ಅಕ್ಷರದಲ್ಲಿ ಒಂದು ಹಾಳೆಯಲ್ಲಿ ಬರೆದು ಕೊಡಿ.

ಹೊತ್ತಿನ ಲೆಕ್ಕ: ಒಂದು ಹಾಡು ನಾಲ್ಕೈದು ನಿಮಿಷ, ನಡುವೆ ಮಾತು, ನಗು, ಮೈಕ್ ಬದಲಾಯಿಸುವುದು. 8 ಹಾಡು ಇಟ್ಟುಕೊಂಡರೆ ಒಂದು ಗಂಟೆ ಆಗೇ ಆಗುತ್ತದೆ. 15 ಹಾಡಿನ ಪಟ್ಟಿ ಮಾಡಿದವರು ಕೊನೆಗೆ ಖಾಲಿ ಕುರ್ಚಿಗಳಿಗೆ ಹಾಡುತ್ತಾರೆ. ರಾತ್ರಿ 10ರ ಮೇಲೆ ಹೊರಗೆ ಕೇಳುವ ಹಾಗೆ ಧ್ವನಿವರ್ಧಕ ಹಾಕುವ ಹಾಗಿಲ್ಲ, ಅದು ಕಾನೂನು. 9ಕ್ಕೆಲ್ಲ ಸೌಂಡ್ ಮುಗಿಸಿ ಊಟಕ್ಕೆ ಎಬ್ಬಿಸಿ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಮೊದಲೇ ಒಂದು ಮಾತು ಹಾಕಿರಿ.

ಮನೆಯಲ್ಲಿ ಸಂಪ್ರದಾಯದ ಹಾಡು ಬರುವ ಅಜ್ಜಿ, ದೊಡ್ಡಮ್ಮ ಯಾರಾದರೂ ಇದ್ದರೆ ಶುರುವಿಗೆ ಅವರಿಂದ ಒಂದು ಉರುಟಣೆ ಹಾಡು ಹಾಡಿಸಿ. ಮದುಮಕ್ಕಳನ್ನು ಕೂರಿಸಿ ರೇಗಿಸುವ ಹಾಡುಗಳು ಅವು, ವಯಸ್ಸಾದ ಮದುಮಕ್ಕಳಿಗೆ ಇನ್ನೂ ಚೆನ್ನಾಗಿ ಒಪ್ಪುತ್ತವೆ. ಉತ್ತರ ಕರ್ನಾಟಕದ ಕಡೆಯವರಾದರೆ ಅಮ್ಮನಿಂದ ಒಂದು ಒಡಪು ಹೇಳಿಸಿ. ಗಂಡನ ಹೆಸರು ಬರುವ ಸಾಲಿಗೆ ಬಂದಾಗ ಈಗಲೂ ನಾಚಿಕೊಳ್ಳುತ್ತಾರಾ ನೋಡಿ.

ಕೊನೆಗೆ ಒಂದು ಕೆಲಸ. ಮದುವೆಯಾದ ಮೇಲೆ ಇಬ್ಬರೂ ಸೇರಿ ನೋಡಿದ ಮೊದಲ ಸಿನಿಮಾ ಯಾವುದು ಅಂತ ಅಮ್ಮನನ್ನು ಕೇಳಿ. ಅಪ್ಪನನ್ನು ಕೇಳಬೇಡಿ, ಅವರಿಗೆ ನೆನಪಿರುವುದಿಲ್ಲ. ಆಗ ಮೆಜೆಸ್ಟಿಕ್ ಸುತ್ತಮುತ್ತಲ ಥಿಯೇಟರುಗಳಲ್ಲಿ ಒಂದಕ್ಕೆ ಹೋಗಿರುತ್ತಾರೆ. ಕಪಾಲಿಯೋ, ನರ್ತಕಿಯೋ, ತ್ರಿಭುವನ್ನೋ, ಯಾವುದು ಅಂತಲೂ ಅಮ್ಮ ಹೇಳುತ್ತಾರೆ. ಆ ಸಿನಿಮಾದ ಒಂದು ಹಾಡು ಪಟ್ಟಿಯಲ್ಲಿ ಇರಲೇಬೇಕು. ಅದು ಮದುವೆಗೆ ಮುಂಚಿನ ಪ್ರೇಮದ ಹಾಡೇ ಆಗಿದ್ದರೂ ಸರಿ, ಈ ಒಂದಕ್ಕೆ ನನ್ನ ನಿಯಮ ಮಾಫಿ. ಹೆಸರು ಗೊತ್ತಾದ ಮೇಲೆ ಇಲ್ಲಿ ಹಾಕಿ, ಅಪ್ಪ ಸಾಮಾನ್ಯವಾಗಿ ಯಾವ ಶ್ರುತಿಗೆ ಹಾಡುತ್ತಾರೆ ಅಂತಲೂ ತಿಳಿಸಿ. ಟ್ರ್ಯಾಕ್ ಎಷ್ಟು ಇಳಿಸಬೇಕು ಅಂತ ಹಾಡಿ ನೋಡಿ ಹೇಳುತ್ತೇನೆ.